ನೀವು, ನೀನು, ಗೆಣೆಯ: ಒಂದು ಸಾಹಸ ಧಾರಾವಾಹಿಗೆ ಕನ್ನಡ ಸಬ್‌ಟೈಟಲ್ ಬರೆದ ನನ್ನ ಅನುಭವ

‘ಝೀನಾ: ವಾರಿಯರ್ ಪ್ರಿನ್ಸೆಸ್’ ಧಾರಾವಾಹಿಯ ಮೊದಲ ಕಂತಿನಲ್ಲೇ ನಾನು ಸಿಕ್ಕಿಬಿದ್ದೆ. ಹಳ್ಳಿಯ ಹುಡುಗಿ ಗೇಬ್ರಿಯೆಲ್, ತನ್ನ ಊರನ್ನು ಉಳಿಸಿದ ಯೋಧೆ ಝೀನಾಳನ್ನು ತನ್ನನ್ನೂ ಜೊತೆಗೆ ಕರೆದೊಯ್ಯುವಂತೆ ಬೇಡುತ್ತಾಳೆ. ಇಂಗ್ಲಿಷಿನಲ್ಲಿ ಅದು ಒಂದೇ ಉಸಿರಿನ ಮಾತು. ಕನ್ನಡದಲ್ಲಿ ಆ ಮಾತು ‘ಕರೆದುಕೊಂಡು ಹೋಗಿ’ ಆಗಬೇಕೋ ‘ಕರೆದುಕೊಂಡು ಹೋಗು’ ಆಗಬೇಕೋ ಎಂಬುದನ್ನು ತೀರ್ಮಾನಿಸದೆ ಮುಂದಿನ ಸಾಲಿಗೆ ಹೋಗುವಂತಿರಲಿಲ್ಲ. ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ಆ ಒಂದು ಸಾಲಿಗೆ ನಾನು ಒಂದು ಸಂಜೆಯನ್ನೇ ಕಳೆದೆ. ಆಮೇಲೆ ಆಯ್ದ ಇಪ್ಪತ್ತು ಕಂತುಗಳಿಗೆ ಸಬ್‌ಟೈಟಲ್ ಬರೆದು ಮುಗಿಸಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳೂ ಒಂದರ್ಥದಲ್ಲಿ ಆ ಸಂಜೆಯ ಪ್ರಶ್ನೆಯ ಮುಂದುವರಿಕೆಯೇ ಆಗಿದ್ದವು.

ನಾನು ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ದೂರದರ್ಶನದ ಸಾಹಸ ಕಥೆಗಳಲ್ಲಿ ಹೆಣ್ಣು-ಗಂಡುಗಳನ್ನು ಹೇಗೆ ತೋರಿಸುತ್ತಾರೆ, ಬಾಯಿಬಿಟ್ಟು ಹೇಳದ ಸಲಿಂಗ ಪ್ರೇಮವನ್ನು ಅವು ಹೇಗೆ ಒಳಗಿಟ್ಟುಕೊಂಡು ಸಾಗುತ್ತವೆ ಎಂಬುದನ್ನು ಮನೆಯಲ್ಲಿ ಏಳೆಂಟು ಜನ ಸೇರಿ ನೋಡಿ ಮಾತನಾಡುವ ಏರ್ಪಾಡು ಮಾಡಿಕೊಂಡಿದ್ದೆವು. ಮೊದಲು ಇದನ್ನು ಒಂದು ಕಾಲೇಜಿನಲ್ಲಿ ಮಾಡಬೇಕೆಂದಿದ್ದೆ. ಅಲ್ಲಿಯವರು ‘ಮಹಿಳಾ ಸಬಲೀಕರಣ’ ಎಂಬ ಹೆಸರಿದ್ದರೆ ಸಭಾಂಗಣ ಕೊಡುತ್ತೇವೆ, ‘ಕ್ವಿಯರ್’ (ಗಂಡು-ಹೆಣ್ಣಿನ ರೂಢಿಯ ಚೌಕಟ್ಟಿಗೆ ಸೇರದ ಪ್ರೀತಿ, ಲಿಂಗತ್ವಗಳಿಗೆ ಇಂಗ್ಲಿಷಿನ ಹೆಸರು) ಎಂಬ ಪದವಿದ್ದರೆ ಆಗುವುದಿಲ್ಲ ಎಂದರು. ಹೇಳಬೇಕಾದದ್ದನ್ನು ಬೇರೆ ಹೆಸರಿನಲ್ಲಿ ಅಡಗಿಸಿಡಿ ಎಂಬ ಆ ಸಲಹೆ ನಮ್ಮ ಅಧ್ಯಯನದ ವಸ್ತುವಿಗೆ ಎಷ್ಟು ಹೊಂದುತ್ತದೆಂದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಕಾರ್ಯಕ್ರಮ ಮಾಳಿಗೆಗೆ ಬಂತು. ಬರುವವರಲ್ಲಿ ಅರ್ಧದಷ್ಟು ಜನರಿಗೆ ಇಂಗ್ಲಿಷ್ ಓಡುತ್ತಿರಲಿಲ್ಲವಾದ್ದರಿಂದ ಸಬ್‌ಟೈಟಲ್ ಬರೆಯುವ ಹೊಣೆ ನನ್ನದಾಯಿತು.

‘ಝೀನಾ: ವಾರಿಯರ್ ಪ್ರಿನ್ಸೆಸ್’ 1995ರಿಂದ 2001ರವರೆಗೆ ಆರು ಸರಣಿಗಳಲ್ಲಿ, ಒಟ್ಟು 134 ಕಂತುಗಳಲ್ಲಿ ಬಂದ ಅಮೆರಿಕದ ಧಾರಾವಾಹಿ, ಚಿತ್ರೀಕರಣ ನಡೆದದ್ದು ನ್ಯೂಜಿಲೆಂಡಿನಲ್ಲಿ. ಹರ್ಕ್ಯುಲೀಸನ ಕುರಿತ ಇನ್ನೊಂದು ಧಾರಾವಾಹಿಯಲ್ಲಿ ಮೂರು ಕಂತುಗಳಿಗೆಂದು ತಂದ ಖಳನಾಯಕಿಯ ಪಾತ್ರ ಜನರಿಗೆ ಎಷ್ಟು ಹಿಡಿಸಿತೆಂದರೆ, ಅವಳನ್ನು ಸಾಯಿಸುವ ಯೋಚನೆ ಬಿಟ್ಟು ಅವಳಿಗೆ ಪ್ರತ್ಯೇಕ ಧಾರಾವಾಹಿಯನ್ನೇ ಕೊಟ್ಟರು. ಲೂಸಿ ಲಾಲೆಸ್ ಝೀನಾಳ ಪಾತ್ರವನ್ನು, ರೆನೆ ಓ’ಕಾನರ್ ಗೇಬ್ರಿಯೆಲ್‌ಳ ಪಾತ್ರವನ್ನು ಮಾಡಿದರು. ಝೀನಾ ಬೀಸಿ ಎಸೆಯುವ ಆಯುಧದ ಹೆಸರು ‘ಚಕ್ರಂ’ ಎಂದು ತಿಳಿದಾಗ ನಮ್ಮ ಗುಂಪಿನವರಿಗೆಲ್ಲ ನಗು ಬಂತು. ಅದನ್ನು ಅನುವಾದಿಸುವ ಕಷ್ಟವಂತೂ ಇರಲಿಲ್ಲ.

ಇಬ್ಬರು ಹೆಂಗಸರು ಕುದುರೆಯೊಂದಿಗೆ ಊರೂರು ಅಲೆಯುತ್ತಾರೆ, ಒಂದೇ ಬೆಂಕಿಯ ಸುತ್ತ ಮಲಗುತ್ತಾರೆ, ಒಬ್ಬಳ ಗಾಯವನ್ನು ಇನ್ನೊಬ್ಬಳು ಕಟ್ಟುತ್ತಾಳೆ. ಅವರು ಪ್ರೇಮಿಗಳೆಂದು ಧಾರಾವಾಹಿ ನೇರವಾಗಿ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಅಭಿಮಾನಿಗಳು ಇದಕ್ಕೆ ‘ಸಬ್‌ಟೆಕ್ಸ್ಟ್’, ಅಂದರೆ ಮಾತಿನಡಿಯ ಒಳಾರ್ಥ, ಎಂಬ ಪದವನ್ನೇ ಹಿಡಿದರು. ನಮ್ಮ ಕಾವ್ಯಮೀಮಾಂಸೆಯ ‘ಧ್ವನಿ’ (ನೇರ ಹೇಳದೆ ಸೂಚಿಸುವ ಅರ್ಥ) ಎಂಬ ಮಾತಿನಿಂದ ಇದನ್ನು ವಿವರಿಸಿಬಿಡಬಹುದೆಂದು ನಾನು ಆರಂಭದಲ್ಲಿ ನಂಬಿದ್ದೆ, ಈಗ ಆ ನಂಬಿಕೆ ಇಲ್ಲ. ಕವಿ ಧ್ವನಿಯನ್ನು ತನ್ನ ಸಂತೋಷಕ್ಕೆ ಆರಿಸಿಕೊಳ್ಳುತ್ತಾನೆ. ಈ ಒಳಾರ್ಥವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬರೆದವರಿಗೆ ಪೂರ್ತಿಯಾಗಿ ಇರಲಿಲ್ಲ. ಅಮೆರಿಕದ ಸಿನಿಮಾಗಳ ಮೇಲೆ 1934ರಿಂದ 1968ರವರೆಗೆ ಬಿಗಿಯಾದ ನೀತಿಸಂಹಿತೆಯಿತ್ತು, ಟೆಲಿವಿಷನ್ನಿಗೆ 1952ರಿಂದ 1983ರವರೆಗೆ ಅಂಥದ್ದೇ ಇನ್ನೊಂದಿತ್ತು. 1995ರ ಹೊತ್ತಿಗೆ ಎರಡೂ ಹೋಗಿದ್ದವು, ಆದರೆ ಅಭ್ಯಾಸ ಹೋಗಿರಲಿಲ್ಲ. ಮೇಲಾಗಿ ಝೀನಾ ಒಂದೇ ದೊಡ್ಡ ವಾಹಿನಿಗಾಗಿ ತಯಾರಾದದ್ದಲ್ಲ, ಊರೂರಿನ ಸ್ಥಳೀಯ ಸ್ಟೇಷನ್‌ಗಳಿಗೆ ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದ ಕಾರ್ಯಕ್ರಮ. ಒಂದು ಊರಿನವರಿಗೆ ಗೆಳತಿಯರಾಗಿ, ಇನ್ನೊಂದು ಊರಿನವರಿಗೆ ಜೋಡಿಯಾಗಿ ಕಾಣುವುದು ಅದರ ವ್ಯಾಪಾರಕ್ಕೂ ಅನುಕೂಲವಾಗಿತ್ತು.

ನಾನು ಕೆಲಸ ಮಾಡಿದ ಬಗೆ ಹೀಗಿತ್ತು. ಪ್ರತಿ ಕಂತನ್ನೂ ಮೊದಲು ಸದ್ದು ಬಂದ್ ಮಾಡಿ ನೋಡುತ್ತಿದ್ದೆ. ಮಾತು ನಿಂತರೆ ಕಣ್ಣಿಗೆ ಬೀಳುವುದೇ ಬೇರೆ: ಯಾರು ಯಾರ ಹೆಗಲ ಮೇಲೆ ಕೈ ಇಡುತ್ತಾರೆ, ಎಷ್ಟು ಹೊತ್ತು ಇಡುತ್ತಾರೆ, ಕ್ಯಾಮೆರಾ ಯಾವಾಗ ಬೇಗನೆ ಬೇರೆಡೆಗೆ ಹೊರಳುತ್ತದೆ. ಇದನ್ನೆಲ್ಲ ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆಯುತ್ತಿದ್ದೆ. ಎರಡನೆಯ ಸಲ ಮಾತು ಕೇಳುತ್ತ ಬಲಪುಟದಲ್ಲಿ ಸಂಭಾಷಣೆ ಬರೆಯುತ್ತಿದ್ದೆ. ಎರಡೂ ಪುಟಗಳು ಎಲ್ಲಿ ಜಗಳವಾಡುತ್ತವೆಯೋ ಅಲ್ಲಿ ಕೆಂಪು ಗೆರೆ. ಕೆಂಪು ಗೆರೆ ಬಿದ್ದ ಸಾಲುಗಳಿಗೆ ಮಾತ್ರ ನಾನು ದಿನಗಟ್ಟಲೆ ಸಮಯ ಕೊಟ್ಟೆ. ‘ಅವರು ಬಂದರು, ಕತ್ತಿ ತೆಗೆ’ ಎಂಬಂಥ ಉಳಿದ ಮಾತುಗಳು ಊಟಕ್ಕೆ ಮೊದಲೇ ಮುಗಿಯುತ್ತಿದ್ದವು. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಕನ್ನಡದ ಎರಡು ಸಾಲುಗಳು ಪರದೆಯ ಮೇಲೆ ಇಂಗ್ಲಿಷಿಗಿಂತ ಹೆಚ್ಚು ಜಾಗ ತಿನ್ನುತ್ತವೆ ಎಂಬುದು ಬರೆಯುವಾಗಲ್ಲ, ಗೋಡೆಯ ಮೇಲೆ ಮೂಡಿದಾಗ ಗೊತ್ತಾಯಿತು.

ಕನ್ನಡದ ವ್ಯಾಕರಣ ಈ ಕೆಲಸದಲ್ಲಿ ವಿಚಿತ್ರವಾಗಿ ವರ್ತಿಸಿತು. ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಬಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ‘ಬಂದನು’, ‘ಬಂದಳು’ ಎಂದ ಕೂಡಲೇ ತಿಳಿದುಬಿಡುತ್ತದೆ. ಇಬ್ಬರು ಎದುರುಬದುರು ಮಾತನಾಡುವಷ್ಟು ಹೊತ್ತು ಕನ್ನಡ ಅವರ ಗುಟ್ಟನ್ನು ಕಾಯುತ್ತದೆ, ಮೂರನೆಯವರು ಅವರ ಬಗ್ಗೆ ಮಾತೆತ್ತಿದ ಕ್ಷಣ ಬಿಟ್ಟುಕೊಡುತ್ತದೆ. (ಈ ಬರಹವನ್ನು ಇಷ್ಟು ದೂರ ಓದಿದವರಿಗೂ ಬರೆಯುತ್ತಿರುವುದು ಗಂಡೋ ಹೆಣ್ಣೋ ಗೊತ್ತಾಗಿರಲಾರದು, ಅದು ನನ್ನ ಜಾಣತನವಲ್ಲ, ಉತ್ತಮ ಪುರುಷದ ಔದಾರ್ಯ.)

ಇದರ ಪರೀಕ್ಷೆ ನಡೆದದ್ದು 1997ರ ಜನವರಿಯಲ್ಲಿ ಬಂದ ‘ದ ಕ್ವೆಸ್ಟ್’ ಎಂಬ ಕಂತಿನಲ್ಲಿ. ಝೀನಾ ಸತ್ತಿದ್ದಾಳೆ, ಅವಳ ಆತ್ಮ ಆಟೋಲಿಕಸ್ ಎಂಬ ಕಳ್ಳನ ಮೈಯನ್ನು ಹೊಕ್ಕಿದೆ. ಲೂಸಿ ಲಾಲೆಸ್ 1996ರ ಅಕ್ಟೋಬರಿನಲ್ಲಿ ಬೇರೊಂದು ಟಿವಿ ಕಾರ್ಯಕ್ರಮದ ತಯಾರಿಯಲ್ಲಿ ಕುದುರೆಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರಿಂದ, ಆ ಸರಣಿಯ ಕೆಲವು ಕಥೆಗಳನ್ನು ನಾಯಕಿ ಹೆಚ್ಚು ಕಾಣಿಸಿಕೊಳ್ಳದಂತೆ ತಿದ್ದಿ ಬರೆಯಬೇಕಾಗಿತ್ತು. ಗೇಬ್ರಿಯೆಲ್ ಮತ್ತು ಝೀನಾ ಮನಸ್ಸಿನೊಳಗಿನ ಒಂದು ಜಾಗದಲ್ಲಿ ಭೇಟಿಯಾಗಿ ಮುತ್ತಿಡಲು ಬಾಗುತ್ತಾರೆ. ತುಟಿ ಸೇರುವ ಹೊತ್ತಿಗೆ ದೃಶ್ಯ ಬದಲಾಗಿ ನಮಗೆ ಕಾಣುವುದು ಆಟೋಲಿಕಸ್ ಎಂಬ ಗಂಡಸಿನ ಮುಖ. ಗಂಡಿನ ಮೈಯನ್ನು ಪರದೆಯ ಹಾಗೆ ಇಳಿಬಿಟ್ಟು ಇಬ್ಬರು ಹೆಂಗಸರ ಮುತ್ತನ್ನು ಮನೆಮನೆಗೆ ಮುಟ್ಟಿಸಿದ ಜಾಣ್ಮೆ ಅದು. ಆ ಮೈಯ ಬಗ್ಗೆ ಪಕ್ಕದಲ್ಲಿದ್ದವರು ಮಾತನಾಡುವಾಗ ‘ಹೇಳಿದ’ ಎನ್ನಲೋ ‘ಹೇಳಿದಳು’ ಎನ್ನಲೋ? ನಾನು ಎರಡನ್ನೂ ಬಿಟ್ಟು, ವಾಕ್ಯವನ್ನು ತಿರುಗಿಸಿ, ಕರ್ತೃವಿಲ್ಲದೆ ‘ಹೇಳಿದ್ದು ಕೇಳಿಸಿತಲ್ಲ’ ಎಂಬ ಧಾಟಿಯಲ್ಲಿ ಪಾರಾದೆ.

ಅಂದು ನಮ್ಮ ಜೊತೆ ಕೊಪ್ಪಳ ಜಿಲ್ಲೆಯ ಹುಲಿಗಿಯಿಂದ ಬಂದಿದ್ದ ಒಬ್ಬ ಜೋಗತಿ ಇದ್ದರು. ದೃಶ್ಯ ಮುಗಿದ ಮೇಲೆ ಅವರೆಂದರು: “ತಾಯಿ ಮೈಮ್ಯಾಲ ಬಂದಾಗ ನನ್ನ ಯಾರೂ ಗಂಡೋ ಹೆಣ್ಣೋ ಅಂತ ಕೇಳಂಗಿಲ್ಲ, ಕಾಲಿಗೆ ಬೀಳ್ತಾರ. ತಾಯಿ ಇಳದ ಮ್ಯಾಲ ಬಸ್ಸಿನಾಗ ಎಲ್ಲಾರೂ ಕೇಳ್ತಾರ.” ಸಾಹಸ ಧಾರಾವಾಹಿಗಳು ದೇವರು, ಮಾಟ, ಪುನರ್ಜನ್ಮಗಳ ಆಸರೆಯಲ್ಲಿ ಮಾತ್ರ ಲಿಂಗತ್ವದ ಗೆರೆ ದಾಟಲು ಯಾಕೆ ಒಪ್ಪುತ್ತವೆ ಎಂಬುದರ ಬಗ್ಗೆ ನಾನು ಮಾಡಿಕೊಂಡಿದ್ದ ಟಿಪ್ಪಣಿ ನಾಲ್ಕು ಪುಟಗಳಷ್ಟಿತ್ತು, ಈ ಎರಡು ವಾಕ್ಯಗಳ ಮುಂದೆ ಅದನ್ನು ಓದಿ ಹೇಳುವ ಉತ್ಸಾಹ ಉಳಿಯಲಿಲ್ಲ. ನಾವು 1988-90ರ ದೂರದರ್ಶನದ ಮಹಾಭಾರತದಲ್ಲಿ ಬೃಹನ್ನಳೆಯನ್ನು ನೋಡಿ ಬೆಳೆದವರು, ಬಯಲಾಟದಲ್ಲಿ ಗಂಡಸು ದ್ರೌಪದಿಯಾಗಿ ಬಂದಾಗ ಹೆಂಗಸರು ಕಣ್ಣೊರೆಸಿಕೊಳ್ಳುವುದನ್ನು ಕಂಡವರು. ಶಾಪದ ಅವಧಿ ಮುಗಿದು ಅರ್ಜುನ ಗಂಡಾಗುತ್ತಾನೆ, ಬೆಳಗಾಗಿ ಬಣ್ಣ ತೊಳೆದರೆ ಸ್ತ್ರೀವೇಷವೂ ಹೋಗುತ್ತದೆ. ಒಪ್ಪಿಗೆಗೆ ಗಡುವಿದೆ.

‘ಸ್ನೇಹಿತೆ’ ಎಂಬ ಪದವೂ ನನ್ನನ್ನು ಕಾಡಿತು. ಅದು ಮದುವೆಯ ಕರೆಯೋಲೆಯ ಭಾಷೆ. ‘ಗೆಳತಿ’ ವಾಸಿ, ಆದರೆ ನಮ್ಮ ಭಾಗದ ಜನಪದ ಹಾಡುಗಳಲ್ಲಿ ‘ಗೆಣೆಯ’, ‘ಗೆಣತಿ’ ಎಂಬ ಮಾತುಗಳಿವೆ, ಒಡನಾಡಿಯೂ ಪ್ರಿಯರೂ ಒಂದೇ ಪದದಲ್ಲಿ ಸೇರಿಹೋಗುವಂಥವು. ‘ಸ್ಟಾರ್ ಟ್ರೆಕ್’ (1966-69) ಎಂಬ ಬಾಹ್ಯಾಕಾಶ ಧಾರಾವಾಹಿಯ ಕರ್ಕ್ ಮತ್ತು ಸ್ಪಾಕ್ ಎಂಬ ಗಂಡಸರ ಜೋಡಿಯ ಬಗ್ಗೆ ಅಭಿಮಾನಿಗಳು ದಶಕಗಟ್ಟಲೆ ಪ್ರೇಮಕಥೆ ಬರೆದರು; ಅದರ ಕರ್ತೃ ಜೀನ್ ರಾಡೆನ್‌ಬೆರಿ 1979ರಲ್ಲಿ ಬರೆದ ಕಾದಂಬರಿಯಲ್ಲಿ ಬೇರೆ ಗ್ರಹದವನಾದ ಸ್ಪಾಕ್‌ನ ಭಾಷೆಯದೆಂದು ಒಂದು ಪದವನ್ನೇ ಹುಟ್ಟಿಸಿ, ಅದಕ್ಕೆ ಗೆಳೆಯ, ಸಹೋದರ, ಪ್ರಿಯ ಎಂಬ ಮೂರೂ ಅರ್ಥಗಳನ್ನು ಕೊಟ್ಟಿದ್ದರು. ಅವರು ಬೇರೆ ಗ್ರಹದಿಂದ ತರಬೇಕಾಗಿದ್ದ ಪದ ನಮ್ಮ ಬೀಸುಕಲ್ಲಿನ ಪಕ್ಕದಲ್ಲೇ ಇತ್ತು. ಆದರೂ ನಾನು ‘ಗೆಣತಿ’ಯನ್ನು ಎರಡೇ ಕಡೆ ಬಳಸಿದೆ. ಮೂಲದಲ್ಲಿ ಇಲ್ಲದ್ದನ್ನು ನನ್ನ ಆಸೆಯಿಂದ ತುಂಬುವುದೂ, ಇದ್ದದ್ದನ್ನು ಹೆದರಿ ಒರೆಸುವುದರಷ್ಟೇ ಅಪ್ರಾಮಾಣಿಕ ಕೆಲಸವೆಂದು ನನಗೆ ತೋರುತ್ತದೆ. ‘ಐ ಲವ್ ಯೂ’ ಎಂಬಲ್ಲಿ ‘ಪ್ರೀತಿಸುತ್ತೇನೆ’ ಎಂದು ಬರೆದರೆ ಸಿನಿಮಾದ ಹಾಡು ಶುರುವಾಗುವಂತಿತ್ತು. ‘ನೀನಂದ್ರ ನನಗ ಜೀವ’ ಎಂದು ಬರೆದೆ. ತಾಯಿ ಮಗುವಿಗೂ ಅದನ್ನೇ ಹೇಳುತ್ತಾಳೆ, ಗಂಡ ಹೆಂಡತಿಗೂ ಹೇಳುತ್ತಾನೆ, ಕೇಳಿದವರು ತಮಗೆ ಬೇಕಾದುದನ್ನು ಕೇಳಿಸಿಕೊಳ್ಳುತ್ತಾರೆ.

ಆದರೆ ‘ನೀವು-ನೀನು’ ಮಾತ್ರ ಹಾಗೆ ತೇಲಿಸಿಬಿಡುವಂಥದ್ದಲ್ಲ. ಗೌರವದಿಂದ ಬೇಡುವ ಹುಡುಗಿಯ ಬಾಯಲ್ಲಿ ‘ನೀವು’ ಸಹಜವೆಂದು ಮೊದಲ ಕಂತಿನಲ್ಲಿ ‘ಕರೆದುಕೊಂಡು ಹೋಗಿ’ ಎಂದೇ ಬರೆದೆ, ಝೀನಾಳ ಬಾಯಲ್ಲಿ ‘ನೀನು’ ಇಟ್ಟೆ. ಐದಾರು ಕಂತುಗಳಾದ ಮೇಲೆ ನಮ್ಮ ದೊಡ್ಡಮ್ಮ, ಎಂಬತ್ತರ ಸಮೀಪದವರು, ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದರು: “ಅಲ್ಲ ಕೂಸ, ಇವರಿಬ್ಬರಾಗ ಗಂಡ ಯಾರು, ದೊಡ್ಡಾಕೀನ ಅಲ್ಲೇನು?” ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ. ಒಬ್ಬಳು ‘ರೀ’ ಎನ್ನುವ ಧಾಟಿಯಲ್ಲಿ ಕರೆಯುತ್ತಾಳೆ, ಅಡುಗೆ ಮಾಡುತ್ತಾಳೆ, ಇನ್ನೊಬ್ಬಳು ‘ನೀನು’ ಎಂದು ದಾರಿ ತೋರಿಸುತ್ತಾಳೆ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಒಳಾರ್ಥ ಅವರಿಗೆ ಮುಟ್ಟಿತೆಂದು ಕ್ಷಣಕಾಲ ಹಿಗ್ಗಿದೆ. ಆಮೇಲೆ ಕಸಿವಿಸಿಯಾಯಿತು. ಇಬ್ಬರು ಹೆಂಗಸರ ನಡುವಿನ ನಂಟನ್ನು ಗಂಡ-ಹೆಂಡತಿಯ ಅಚ್ಚಿಗೆ ಎರಕ ಹೊಯ್ದದ್ದು ಧಾರಾವಾಹಿಯಲ್ಲ, ನನ್ನ ಸರ್ವನಾಮ. ಮೂಲದಲ್ಲಿ ಗೇಬ್ರಿಯೆಲ್ ಕಥೆ ಹೇಳುವ ಹುಡುಗಿಯಾಗಿ ಬಂದು, ದೊಣ್ಣೆ ಹಿಡಿದು, ಕೊನೆಯ ಸರಣಿಗಳ ಹೊತ್ತಿಗೆ ತಾನೇ ನುರಿತ ಯೋಧೆಯಾಗುತ್ತಾಳೆ. ಕನ್ನಡದ ‘ನೀವು’ ಅವಳನ್ನು ಅಡುಗೆಮನೆಯಲ್ಲೇ ನಿಲ್ಲಿಸಿಬಿಡುತ್ತಿತ್ತು.

ಹಾಗಾದರೆ ಎಲ್ಲಿ ‘ನೀನು’ ತರುವುದು? 2001ರ ಕೊನೆಯ ಕಂತುಗಳಲ್ಲಿ ತರಬಹುದೆಂದು ಮೊದಲು ಅನ್ನಿಸಿತು. ಅಲ್ಲಿ ಗೇಬ್ರಿಯೆಲ್ ಝೀನಾಳಿಗೆ ಬುಗ್ಗೆಯ ನೀರನ್ನು ಬಾಯಿಂದ ಬಾಯಿಗೆ ಕೊಡುತ್ತಾಳೆ. ಅದನ್ನು ಮಾಡಿದ ಮೇಲೆ ಇವರದು ಮದುವೆಯಂಥದ್ದೇ ಸಂಬಂಧವೆಂದು ತನಗೆ ಖಚಿತವಾಯಿತು ಎಂಬರ್ಥದ ಮಾತನ್ನು ಲಾಲೆಸ್ 2003ರ ಒಂದು ಸಂದರ್ಶನದಲ್ಲಿ ಹೇಳಿದ್ದರು. ಝೀನಾ ಸತ್ತು, ಹಡಗಿನ ಮೇಲೆ ಗೇಬ್ರಿಯೆಲ್ ಅವಳ ಬೂದಿಯನ್ನು ಹಿಡಿದು ನಿಲ್ಲುವ ದೃಶ್ಯದಲ್ಲಿ ‘ನೀನು’ ಬಂದರೆ ದೊಡ್ಡಮ್ಮನ ಆಕ್ಷೇಪವೂ ಇರಲಿಲ್ಲ: “ದೇವರಿಗೆ, ಸತ್ತೋರಿಗೆ ನೀನು ಅಂದ್ರ ನಡೀತೈತಿ.” ನನ್ನ ಅಸಮಾಧಾನ ಅಲ್ಲೇ ಹುಟ್ಟಿತು. ಇಂಥ ಜೋಡಿಗಳಿಗೆ ಸಾವಿನಲ್ಲೇ ಮನ್ನಣೆ ಕೊಡುವ ಚಟ ಟೆಲಿವಿಷನ್ನಿಗೆ ಮೊದಲೇ ಇದೆ. 2002ರಲ್ಲಿ ‘ಬಫಿ’ ಧಾರಾವಾಹಿಯ ಟಾರಾ, 2016ರಲ್ಲಿ ‘ದ ಹಂಡ್ರೆಡ್’ ಧಾರಾವಾಹಿಯ ಲೆಕ್ಸಾ, ಹೆಣ್ಣನ್ನು ಪ್ರೀತಿಸಿದ ಈ ಇಬ್ಬರೂ ಸುಖದ ಗಳಿಗೆಯ ಬೆನ್ನಿಗೇ ಗುಂಡು ತಗುಲಿ ಸತ್ತವರು, ಲೆಕ್ಸಾಳ ಸಾವಿಗೆ ನೋಡುಗರು ದೊಡ್ಡ ದನಿಯಲ್ಲೇ ಪ್ರತಿಭಟಿಸಿದರು. ಕನ್ನಡದ ಸಮಾನತೆಯನ್ನೂ ನಾನು ಬೂದಿಯ ಮೇಲೆ ಬರೆಯಲು ಸಿದ್ಧನಿದ್ದೆನೋ ಸಿದ್ಧಳಿದ್ದೆನೋ, ಕೈ ಮಾತ್ರ ಬರಲಿಲ್ಲ.

ಕೊನೆಗೆ ಜಾಗ ಸಿಕ್ಕಿದ್ದು 1997ರ ಫೆಬ್ರವರಿಯ ‘ಎ ಡೇ ಇನ್ ದ ಲೈಫ್’ ಎಂಬ ಹಗುರ ಕಂತಿನಲ್ಲಿ. ಇಬ್ಬರ ಒಂದು ಸಾಧಾರಣ ದಿನದ ಕಥೆ ಅದು, ಒಂದೇ ತೊಟ್ಟಿಯಲ್ಲಿ ಸ್ನಾನ ಮಾಡುವ ದೃಶ್ಯ ಇರುವುದೂ ಅದರಲ್ಲೇ. ಅಭಿಮಾನಿಗಳು ಆ ಸ್ನಾನದ ಬಗ್ಗೆ ಬರೆದಷ್ಟು ಬೇರಾವುದರ ಬಗ್ಗೆಯೂ ಬರೆದಿರಲಾರರು, ನಾನು ಮಾತ್ರ ಬೆಳಗಿನ ಹೊಡೆದಾಟದಲ್ಲಿ ನಿಂತೆ. ಕೈಗೆ ಸಿಕ್ಕಿದ ಬಾಣಲೆಯನ್ನೇ ಝೀನಾ ಆಯುಧ ಮಾಡಿಕೊಂಡು ಹಾಳುಮಾಡುತ್ತಾಳೆ, ಗೇಬ್ರಿಯೆಲ್ ಸಿಟ್ಟಾಗುತ್ತಾಳೆ. ಹಿಂದಿನ ಎಲ್ಲ ಕಂತುಗಳಲ್ಲಿ ‘ನೀವು’ ಎಂದಿದ್ದವಳ ಬಾಯಿಗೆ ನಾನು ಆ ಜಗಳದ ಮಾತನ್ನು ಹೀಗೆ ಕೊಟ್ಟೆ: ‘ಇನ್ನೊಮ್ಮೆ ನನ್ನ ಬಾಣಲೆ ಮುಟ್ಟಿದೆಯೋ, ರಾತ್ರಿ ಊಟ ನೀನೇ ಮಾಡು.’ ಅಂದಿನ ಭಾನುವಾರ ದೊಡ್ಡಮ್ಮ ಎಲೆ ಅಡಿಕೆ ಉಗುಳಲು ಎದ್ದವರು ಬಾಗಿಲಲ್ಲೇ ನಿಂತು ನಕ್ಕರು, ಬಾಣಲೆ ಎಷ್ಟು ನಗ್ಗಿತು ಎಂದು ವಿಚಾರಿಸಿದರು. ‘ನೀನು’ ಬಂದದ್ದನ್ನು ಅವರು ಗಮನಿಸಲೇ ಇಲ್ಲ.