ಡಿಬಿಎ ಆದವರು ಫ್ರಂಟ್-ಎಂಡ್ ಎಷ್ಟು ಕಲಿಯಬೇಕು, ಹೇಗೆ ಕಲಿಯಬೇಕು

ಪುಣೆಯ ಹಿಂಜವಡಿಯಲ್ಲಿ ನಾನು ಡೇಟಾಬೇಸ್ ಅಡ್ಮಿನ್ (ಡಿಬಿಎ) ಆಗಿ, ಅಂದರೆ ಕಂಪನಿಯ ಡೇಟಾ ಸಂಗ್ರಹವನ್ನು ನೋಡಿಕೊಳ್ಳುವವನಾಗಿ ಕೆಲಸ ಮಾಡುತ್ತೇನೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದು ಇದೇ ಕೆಲಸ ಹಿಡಿದ ಕನ್ನಡಿಗರು ಸಾಕಷ್ಟು ಮಂದಿ ಇದ್ದಾರೆ. ಕಳೆದ ವರ್ಷ ನಮ್ಮ ತಂಡಕ್ಕೆ ಸೇರಿದ ವಿಜಯಪುರದ ಹುಡುಗನೊಬ್ಬ ಊಟದ ಹೊತ್ತಿನಲ್ಲಿ, ‘ಸರ್, ನಾನೂ ರಿಯಾಕ್ಟ್ ಕಲೀಬೇಕೇನ್ರಿ?’ ಎಂದು ಕೇಳಿದ. ರಿಯಾಕ್ಟ್ ಎಂದರೆ ಫ್ರಂಟ್-ಎಂಡ್ ಅನ್ನು, ಅಂದರೆ ಬಳಕೆದಾರನಿಗೆ ಕಾಣುವ ವೆಬ್ ಪುಟಗಳನ್ನು ಕಟ್ಟಲು, ಬ್ರೌಸರ್ ಒಳಗೆ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿರುವ ಒಂದು ಸಾಧನ. ಬ್ಯಾಕಪ್, ಪ್ಯಾಚ್, ಇಂಡೆಕ್ಸ್ (ಬೇಗ ಹುಡುಕಲು ಮಾಡುವ ಸೂಚಿ), ರೆಪ್ಲಿಕೇಶನ್ (ಡೇಟಾದ ಪ್ರತಿಯನ್ನು ಇನ್ನೊಂದು ಸರ್ವರ್‌ನಲ್ಲಿ ಇಡುವುದು) ಇಷ್ಟನ್ನೇ ಕಲಿತು ಮುಗಿಸಲು ವರ್ಷಗಳು ಬೇಕಾಗಿರುವಾಗ ಈ ಪ್ರಶ್ನೆಗೆ ಹಗುರವಾಗಿ ಉತ್ತರ ಕೊಡುವುದು ಸರಿಯಲ್ಲ ಎನಿಸಿ, ಆ ದಿನ ಅವನಿಗೆ ಹೇಳಿದ್ದನ್ನೇ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು: ಡಿಬಿಎ ವೆಬ್ ಪುಟವನ್ನು ಕಟ್ಟಲು ಕಲಿಯಬೇಕಾಗಿಲ್ಲ, ಆದರೆ ಕಟ್ಟಿದ ಪುಟವನ್ನು ಓದಲು ಕಲಿಯಲೇಬೇಕು. ಬಳಕೆದಾರ ಒಂದು ಬಟನ್ ಒತ್ತಿದಾಗ ಬ್ರೌಸರ್‌ನಿಂದ ಏನು ಹೊರಟಿತು, ಅದು ಯಾವ ಕ್ವೆರಿಯಾಗಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಾಗಿ) ನಮ್ಮ ಟೇಬಲ್‌ಗೆ ಬಂದು ಮುಟ್ಟಿತು, ಹೋದ ಉತ್ತರ ತೆರೆಯ ಮೇಲೆ ಯಾವ ರೂಪದಲ್ಲಿ ಕಾಣಿಸಿತು ಎಂಬ ಮೂರು ಪ್ರಶ್ನೆಗಳಿಗೆ ಇನ್ನೊಬ್ಬರನ್ನು ಕಾಯದೆ ಉತ್ತರ ಕಂಡುಕೊಳ್ಳುವಷ್ಟು ತಿಳಿವಳಿಕೆ ಇದ್ದರೆ ಸಾಕು.

ಕಲಿಕೆಯನ್ನು ಪುಸ್ತಕದಿಂದ ಆರಂಭಿಸದೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಿಂದ ಆರಂಭಿಸಿ. ನಿಮ್ಮ ಕಚೇರಿಯ ಯಾವುದಾದರೊಂದು ಅಪ್ಲಿಕೇಶನ್ ಅನ್ನು ಕ್ರೋಮ್‌ನಲ್ಲಿ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಅಲ್ಲಿ ಫೆಚ್/ಎಕ್ಸ್‌ಎಚ್‌ಆರ್ ಎಂಬ ಫಿಲ್ಟರ್ ಆರಿಸಿಕೊಳ್ಳಿ. ಚಿತ್ರ, ಫಾಂಟ್, ಸ್ಟೈಲ್ ಫೈಲುಗಳೆಲ್ಲ ಮರೆಯಾಗಿ ಡೇಟಾ ತರಲು ಬ್ರೌಸರ್ ಸರ್ವರ್‌ಗೆ ಕಳುಹಿಸುವ ರಿಕ್ವೆಸ್ಟ್‌ಗಳಷ್ಟೇ ಉಳಿಯುತ್ತವೆ. ಪಟ್ಟಿಯನ್ನು ಒಮ್ಮೆ ಅಳಿಸಿ, ಪುಟದಲ್ಲಿ ಒಂದೇ ಒಂದು ಕೆಲಸ ಮಾಡಿ, ಎಷ್ಟು ಸಾಲುಗಳು ಮೂಡಿದವು ಎಂದು ಎಣಿಸಿ. ಒಂದು ರಿಕ್ವೆಸ್ಟ್ ಮೇಲೆ ಕ್ಲಿಕ್ ಮಾಡಿ ಟೈಮಿಂಗ್ ಭಾಗವನ್ನು ನೋಡಿದರೆ, ಸರ್ವರ್‌ಗಾಗಿ ಕಾದ ಸಮಯ ಮತ್ತು ಉತ್ತರವನ್ನು ಇಳಿಸಿಕೊಳ್ಳಲು ಹಿಡಿದ ಸಮಯ ಬೇರೆ ಬೇರೆಯಾಗಿ ಸಿಗುತ್ತವೆ. ಡೇಟಾಬೇಸ್‌ನ ಪಾಲು ಇರುವುದು ಮೊದಲನೆಯದರಲ್ಲಿ ಮಾತ್ರ, ಅದೂ ಅದರ ಒಂದು ಅಂಶ ಮಾತ್ರ. ಎರಡೂ ಕಡಿಮೆ ಇದ್ದು ಪುಟ ಆಮೇಲೂ ನಿಂತೇ ಇದ್ದರೆ, ಬಂದ ಸಾವಿರಾರು ಸಾಲುಗಳನ್ನು ಬ್ರೌಸರ್ ಒಂದೇ ಸಲಕ್ಕೆ ತೆರೆಯ ಮೇಲೆ ಬಿಡಿಸಲು ಹೆಣಗುತ್ತಿರುವ ಸಾಧ್ಯತೆ ಹೆಚ್ಚು.

ರಿಕ್ವೆಸ್ಟ್‌ಗಳ ಈ ಎಣಿಕೆಯೇ ಬಳಕೆದಾರರ ದೂರುಗಳಾಗಿ ಬರುವ ಅನೇಕ ಟಿಕೆಟ್‌ಗಳನ್ನು ಬಿಡಿಸುತ್ತದೆ. ಅರವತ್ತು ಆರ್ಡರ್‌ಗಳ ಪಟ್ಟಿ ತೋರಿಸುವ ಪುಟವೊಂದು ಮೊದಲು ಪಟ್ಟಿಯನ್ನು ತಂದು, ನಂತರ ಪ್ರತಿ ಆರ್ಡರ್‌ನ ಗ್ರಾಹಕರ ಹೆಸರಿಗಾಗಿ ಒಂದೊಂದು ರಿಕ್ವೆಸ್ಟ್ ಕಳುಹಿಸಿದರೆ ಒಟ್ಟು 61 ಸಾಲುಗಳು ಕಾಣುತ್ತವೆ. ಪ್ರತಿಯೊಂದರ ಹಿಂದಿನ ಕ್ವೆರಿ 20 ಮಿಲಿಸೆಕೆಂಡ್‌ನಲ್ಲಿ ಮುಗಿಯಬಹುದು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ನಿಧಾನ ಕ್ವೆರಿಯ ಮಿತಿ ಮೂಲತಃ 10 ಸೆಕೆಂಡ್ ಇರುವುದರಿಂದ ಇದು ನಿಧಾನ ಕ್ವೆರಿಗಳ ದಾಖಲೆಯಾದ ಸ್ಲೋ ಕ್ವೆರಿ ಲಾಗ್‌ನಲ್ಲಿ ಎಂದೂ ಕಾಣಿಸುವುದಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿ 1.1ರಲ್ಲಿ ಕ್ರೋಮ್ ಒಂದು ಹೋಸ್ಟ್‌ಗೆ ಏಕಕಾಲಕ್ಕೆ 6 ಸಂಪರ್ಕಗಳನ್ನಷ್ಟೇ ತೆರೆಯುವುದರಿಂದ ಉಳಿದ ರಿಕ್ವೆಸ್ಟ್‌ಗಳು ಸರದಿಯಲ್ಲಿ ನಿಲ್ಲುತ್ತವೆ, ಬಳಕೆದಾರ ‘ಡಿಬಿ ಸ್ಲೋ ಇದೆ’ ಎನ್ನುತ್ತಾನೆ, ನಾವು ಲಾಗ್ ನೋಡಿ ‘ಡಿಬಿ ಸರಿಯಿದೆ’ ಎನ್ನುತ್ತೇವೆ. ಇಬ್ಬರ ಮಾತೂ ಸುಳ್ಳಲ್ಲ, ಆದರೆ ತೊಂದರೆ ಇದ್ದಲ್ಲೇ ಇರುತ್ತದೆ. ಇಲ್ಲಿ ಬೇಕಾಗಿರುವುದು ಹೊಸ ಇಂಡೆಕ್ಸ್ ಅಲ್ಲ, ಎರಡು ಟೇಬಲ್‌ಗಳನ್ನು ಒಂದೇ ಕ್ವೆರಿಯಲ್ಲಿ ಜೋಡಿಸುವ ಒಂದು ಜಾಯಿನ್ ಮತ್ತು ಒಂದೇ ರಿಕ್ವೆಸ್ಟ್.

ರಿಕ್ವೆಸ್ಟ್ ಗುರುತಿಸಿದ ಮೇಲೆ ಅದನ್ನು ಕ್ವೆರಿಯೊಂದಿಗೆ ಜೋಡಿಸುವುದು ಮುಂದಿನ ಹೆಜ್ಜೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಅಪ್ಲಿಕೇಶನ್ ನೇಮ್ ಎಂಬ ಸೆಟ್ಟಿಂಗ್, ಒರಾಕಲ್ ಡೇಟಾಬೇಸ್‌ನಲ್ಲಿ ಸೆಷನ್‌ನ (ಸಂಪರ್ಕದ) ಮಾಡ್ಯೂಲ್ ಮತ್ತು ಆ್ಯಕ್ಷನ್ ಹೆಸರುಗಳು ಇದಕ್ಕಾಗಿಯೇ ಇವೆ. ಪುಟದ ಹೆಸರನ್ನು ಕ್ವೆರಿಯ ಜೊತೆಗೇ ಕಾಮೆಂಟ್ ಆಗಿ ಸೇರಿಸಿ ಕಳುಹಿಸುವಂತೆ ಡೆವಲಪರ್‌ಗಳನ್ನು ಕೇಳಿದರೆ ಲಾಗ್ ಓದುವಾಗ ಯಾವ ಪರದೆಯಿಂದ ಬಂದ ಕ್ವೆರಿ ಎಂದು ತಕ್ಷಣ ತಿಳಿಯುತ್ತದೆ. ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು: ಸರ್ವರ್-ಟೈಮಿಂಗ್ ಎಂಬ ಎಚ್‌ಟಿಟಿಪಿ ಹೆಡರ್, ಅಂದರೆ ಉತ್ತರದ ಜೊತೆ ಹೋಗುವ ಹೆಚ್ಚುವರಿ ಮಾಹಿತಿಯ ಸಾಲು. ಡೇಟಾಬೇಸ್‌ನಲ್ಲಿ ಕಳೆದ ಸಮಯವನ್ನು ಅಪ್ಲಿಕೇಶನ್ ಸರ್ವರ್ ಈ ಹೆಡರ್‌ನಲ್ಲಿ ಬರೆದು ಕಳುಹಿಸಿದರೆ, ಬ್ರೌಸರ್‌ನ ಅದೇ ಟೈಮಿಂಗ್ ಭಾಗದಲ್ಲಿ ಆ ಅಂಕಿಯೂ ಕಾಣಿಸಿಕೊಳ್ಳುತ್ತದೆ. ಇದನ್ನು ಟೆಸ್ಟ್ ಸರ್ವರ್‌ನಲ್ಲಾದರೂ ಹಾಕಿಸಿಕೊಳ್ಳಿ. ಯಾರ ಪಾಲು ಎಷ್ಟು ಎಂಬ ವಾದವೇ ಉಳಿಯುವುದಿಲ್ಲ.

ವೇಗದ ವಿಚಾರ ಇಷ್ಟಾಯಿತು. ವೇಗ ತಪ್ಪಿದರೆ ಬಳಕೆದಾರ ಕೂಗುತ್ತಾನೆ, ಆದರೆ ಡೇಟಾ ತಪ್ಪಿದರೆ ಯಾರೂ ಕೂಗದೆ ತಿಂಗಳುಗಳು ಕಳೆದುಹೋಗಬಹುದು. ಆದ್ದರಿಂದ ತೆರೆಯಿಂದ ಕಾಲಂವರೆಗಿನ ದಾರಿಯಲ್ಲಿ ಮೌಲ್ಯವೊಂದು ಹೇಗೆ ಬದಲಾಗಿಬಿಡುತ್ತದೆ ಎಂಬುದನ್ನು ಡಿಬಿಎ ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ಕಲಿಯಬೇಕು ಎಂದು ನಾನು ನಂಬಿದ್ದೇನೆ.

ಮೊದಲನೆಯದು ದಿನಾಂಕ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ, ಏಪ್ರಿಲ್ 1ರಂದು ಹಾಕಿದ ಕೆಲವು ಬಿಲ್‌ಗಳು ಹಿಂದಿನ ಆರ್ಥಿಕ ವರ್ಷದ ವರದಿಯಲ್ಲಿ ಬರುತ್ತಿವೆ ಎಂದು ಅಕೌಂಟ್ಸ್ ವಿಭಾಗದವರು ದೂರು ಕೊಟ್ಟರು. ಎರಡು ದಿನ ನಾವು ರೆಪ್ಲಿಕೇಶನ್ ತಪಾಸಿಸಿದೆವು, ವರದಿಯ ಕ್ವೆರಿ ತಪಾಸಿಸಿದೆವು, ಏನೂ ಸಿಗಲಿಲ್ಲ. ಮೂರನೆಯ ದಿನ ಆ ಕಾಲಂನಲ್ಲಿ ಸಮಯದ ಭಾಗವನ್ನಷ್ಟೇ ಬೇರ್ಪಡಿಸಿ ಎಣಿಸಿದಾಗ ಸಾಲು ಸಾಲಾಗಿ 18:30:00 ಎಂಬ ಒಂದೇ ಅಂಕಿ ಬಂತು. ಬಳಕೆದಾರ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ 1 ಆರಿಸಿದಾಗ ಬ್ರೌಸರ್ ಅದನ್ನು ಭಾರತೀಯ ಕಾಲಮಾನದ ಮಧ್ಯರಾತ್ರಿ ಎಂದು ಹಿಡಿದಿತ್ತು. ಕಳುಹಿಸುವ ಮುನ್ನ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ಪರಿವರ್ತಿಸಿದಾಗ ಐದೂವರೆ ಗಂಟೆ ಹಿಂದೆ ಸರಿದು ಮಾರ್ಚ್ 31ರ ಸಂಜೆ 18:30 ಆಗಿತ್ತು. ಡೇಟಾಬೇಸ್ ತನಗೆ ಕೊಟ್ಟದ್ದನ್ನು ಕೊಟ್ಟಂತೆಯೇ ಇಟ್ಟುಕೊಂಡಿತ್ತು. ನಿಮ್ಮ ಟೇಬಲ್‌ಗಳಲ್ಲಿಯೂ ಬರೀ ದಿನಾಂಕ ಇರಬೇಕಾದ ಕಾಲಂನಲ್ಲಿ 18:30 ಎಷ್ಟು ಸಲ ಬರುತ್ತದೆ ಎಂದು ಇಂದೇ ಎಣಿಸಿ ನೋಡಿ. ಹುಟ್ಟಿದ ದಿನ, ಬಿಲ್‌ನ ದಿನ, ರಜೆಯ ದಿನದಂಥವುಗಳಿಗೆ ಡೇಟ್ ಟೈಪ್ ಬಳಸಿ, ಬ್ರೌಸರ್‌ನಿಂದ ಅವು ಸಮಯವಿಲ್ಲದ ಸರಳ ದಿನಾಂಕವಾಗಿಯೇ ಬರುವಂತೆ ಮಾಡಿಸಿ. ಘಟನೆ ನಡೆದ ಕ್ಷಣವನ್ನು ದಾಖಲಿಸುವ ಕಾಲಂಗಳಿಗೆ ಮಾತ್ರ ಟೈಮ್ ಝೋನ್ ಸಹಿತವಾದ ಟೈಪ್ ಇರಲಿ.

ಎರಡನೆಯದು ನಮ್ಮ ಅಕ್ಷರಗಳ ಅಳತೆ. ‘ಶ್ರೀನಿವಾಸ’ ಎಂಬ ಹೆಸರು ಓದುವವರಿಗೆ ನಾಲ್ಕು ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಒಂಬತ್ತು ಸಂಕೇತಗಳು, ಏಕೆಂದರೆ ಶ, ಅರ್ಧಾಕ್ಷರದ ಚಿಹ್ನೆ (ವಿರಾಮ), ರ, ಈಕಾರದ ಸ್ವರಚಿಹ್ನೆ ಈ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಈ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಅದೇ ಹೆಸರು 27 ಬೈಟ್ ಆಗುತ್ತದೆ. ಮರಾಠಿಯ ದೇವನಾಗರಿಗೂ ಇದೇ ಲೆಕ್ಕ. ಫಾರಂನಲ್ಲಿ ‘ಗರಿಷ್ಠ 20 ಅಕ್ಷರ’ ಎಂದಿದ್ದರೆ ಬ್ರೌಸರ್ ಈ ಹೆಸರನ್ನು ಒಂಬತ್ತು ಎಂದು ಎಣಿಸಿ ಒಳಗೆ ಬಿಡುತ್ತದೆ. ಒರಾಕಲ್‌ನಲ್ಲಿ ಕಾಲಂನ ಅಳತೆ ಮೂಲತಃ ಬೈಟ್‌ನಲ್ಲಿ ಇರುವುದರಿಂದ 20ರ ಕಾಲಂ ಅದನ್ನು ಒಆರ್‌ಎ-12899 ಎಂಬ ದೋಷದೊಂದಿಗೆ ಹಿಂದಕ್ಕೆ ಕಳುಹಿಸುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನ ವಾರ್‌ಚಾರ್ (ಪಠ್ಯದ ಕಾಲಂ ಟೈಪ್) ಅಕ್ಷರಸಂಕೇತಗಳನ್ನು ಎಣಿಸುವುದರಿಂದ ಅಲ್ಲಿ ಈ ತೊಡಕಿಲ್ಲ, ಆದರೆ ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 ಮೂರು ಬೈಟ್‌ಗಿಂತ ಹೆಚ್ಚು ಹಿಡಿಯುವುದಿಲ್ಲ. ಕನ್ನಡದಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಇದ್ದು, ಬಳಕೆದಾರ ನಾಲ್ಕು ಬೈಟ್‌ನ ಒಂದು ಎಮೋಜಿ ಹಾಕಿದ ಕ್ಷಣ ಮುರಿಯುತ್ತದೆ. ಯುಟಿಎಫ್8ಎಂಬಿ4 ಬಳಸುವುದೇ ಅದಕ್ಕೆ ಪರಿಹಾರ.

ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ವ್ಯತ್ಯಾಸವಿದೆ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಬೈಟ್‌ಗಳನ್ನು ನೇರವಾಗಿ ಹೋಲಿಸಿ ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಅವನ್ನು ಎರಡು ಬೇರೆ ಹೆಸರುಗಳೆಂದು ತಿಳಿಯುತ್ತದೆ. ‘ಬ್ರೌಸರ್‌ನಲ್ಲಿ’ ಎಂಬಂಥ ಪದಗಳನ್ನು ಟೈಪ್ ಮಾಡುವಾಗ ನಡುವೆ ಸೇರುವ ಅಗೋಚರ ಸಂಕೇತವೂ ಹುಡುಕಾಟವನ್ನು ಹೀಗೆಯೇ ಕೆಡಿಸುತ್ತದೆ. ಮೊದಲ ತೊಂದರೆಗೆ ಜಾವಾಸ್ಕ್ರಿಪ್ಟ್‌ನಲ್ಲಿಯೂ ಪೋಸ್ಟ್‌ಗ್ರೆಸ್ 13ರಿಂದೀಚೆಗಿನ ಆವೃತ್ತಿಗಳಲ್ಲಿಯೂ ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಜ್ ಫಂಕ್ಷನ್ ಇದೆ; ಎರಡನೆಯದನ್ನು ಹುಡುಕಾಟದ ಕಾಲಂನಿಂದ ನಾವೇ ತೆಗೆದುಹಾಕಬೇಕು. ಕನ್ನಡ ಬಲ್ಲ ಡಿಬಿಎ ಅಲ್ಲದೆ ಬೇರೆ ಯಾರೂ ಈ ತೊಂದರೆಯನ್ನು ಗುರುತಿಸುವ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ ಇದನ್ನು ನಮ್ಮ ಹೊಣೆಯೆಂದೇ ನಾನು ಭಾವಿಸುತ್ತೇನೆ.

ಮೂರನೆಯದು ದೊಡ್ಡ ಸಂಖ್ಯೆಗಳು. ಡೇಟಾಬೇಸ್‌ನ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕದ ಟೈಪ್) 64 ಬಿಟ್‌ಗಳದ್ದು, ಆದರೆ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 9007199254740991 ದಾಟಿದ ಮೇಲೆ ಪೂರ್ಣಾಂಕಗಳನ್ನು ನಿಖರವಾಗಿ ಉಳಿಸಿಕೊಳ್ಳುವುದಿಲ್ಲ. 9007199254740993 ಎಂಬ ಐಡಿ (ಸಾಲಿನ ಗುರುತಿನ ಸಂಖ್ಯೆ) ಜೇಸನ್ ಎಂಬ ಡೇಟಾ ರೂಪದ ಮೂಲಕ ಹೋಗಿ ತೆರೆಯ ಮೇಲೆ 9007199254740992 ಆಗುತ್ತದೆ, ಬಳಕೆದಾರ ಅದನ್ನು ತಿದ್ದಿ ಉಳಿಸಿದರೆ ಬೇರೆ ಸಾಲು ಬದಲಾಗುತ್ತದೆ. ಅಂಥ ಐಡಿಗಳನ್ನು ಸ್ಟ್ರಿಂಗ್ (ಪಠ್ಯ) ಆಗಿಯೇ ಕಳುಹಿಸಬೇಕು ಎಂಬ ನಿಯಮವನ್ನು ಟೇಬಲ್ ಕಟ್ಟುವ ದಿನವೇ ಡೆವಲಪರ್‌ಗಳಿಗೆ ಹೇಳಿಬಿಡಿ.

ಪರದೆಯ ಅಭ್ಯಾಸಗಳು ಡೇಟಾಬೇಸ್ ಮೇಲೆ ಹೊರಿಸುವ ಭಾರವನ್ನು ಲೆಕ್ಕ ಹಾಕಲು ಕೂಡಿಸು ಗುಣಿಸು ಸಾಕು. 400 ಜನ ತೆರೆದಿಟ್ಟುಕೊಂಡ ಡ್ಯಾಶ್‌ಬೋರ್ಡ್ 5 ಸೆಕೆಂಡ್‌ಗೊಮ್ಮೆ ತಾನೇ ರಿಫ್ರೆಶ್ ಆದರೆ ಸೆಕೆಂಡಿಗೆ 80 ಕ್ವೆರಿ. ಟ್ಯಾಬ್ ಮರೆಯಲ್ಲಿರುವಾಗ ಅದನ್ನು ನಿಲ್ಲಿಸುವ ಸೌಲಭ್ಯ ಬ್ರೌಸರ್‌ನಲ್ಲಿಯೇ ಇದೆ ಎಂಬುದು ತಿಳಿದಿದ್ದರೆ ಕೇಳಿ ಮಾಡಿಸಿಕೊಳ್ಳಬಹುದು. ಹುಡುಕು ಪೆಟ್ಟಿಗೆ ಪ್ರತಿ ಕೀಲಿಗೂ ಕ್ವೆರಿ ಕಳುಹಿಸದೆ, ಬಳಕೆದಾರ ಟೈಪ್ ಮಾಡುವುದನ್ನು ನಿಲ್ಲಿಸುವವರೆಗೆ ಕ್ಷಣಕಾಲ ಕಾಯುವ ಕ್ರಮಕ್ಕೆ ಡಿಬೌನ್ಸ್ ಎನ್ನುತ್ತಾರೆ, ಈ ಪದ ಕಲಿತಿರಿ. ಪುಟಕ್ಕೆ 20 ಸಾಲಿನಂತೆ 5000ನೆಯ ಪುಟ ಕೇಳಿದಾಗ ಆಫ್‌ಸೆಟ್ (ಇಷ್ಟು ಸಾಲು ಬಿಟ್ಟು ಮುಂದಿನದನ್ನು ಕೊಡು ಎಂಬ ಕ್ರಮ) ಸುಮಾರು ಒಂದು ಲಕ್ಷ ಸಾಲುಗಳನ್ನು ಓದಿ ಎಸೆಯುತ್ತದೆ. ‘ಕೊನೆಯದಾಗಿ ತೋರಿಸಿದ ಐಡಿಯಿಂದ ಮುಂದಿನ 20’ ಎಂದು ಕೇಳಿದರೆ ಇಂಡೆಕ್ಸ್ ನೇರವಾಗಿ ಅಲ್ಲಿಗೇ ಹೋಗುತ್ತದೆ. ಸೇವ್ ಬಟನ್ ಎರಡು ಸಲ ಒತ್ತುವವರು ಎಲ್ಲ ಕಡೆ ಇದ್ದಾರೆ, ಅದಕ್ಕೆ ಯೂನಿಕ್ ಕನ್‌ಸ್ಟ್ರೇಂಟ್ (ನಕಲು ಸಾಲನ್ನು ತಡೆಯುವ ನಿಯಮ) ಹಾಕಿ. ಫಾರಂನಲ್ಲಿ ತಪಾಸಣೆ ಇದೆ ಎಂಬ ಕಾರಣಕ್ಕೆ ಟೇಬಲ್‌ನ ಕನ್‌ಸ್ಟ್ರೇಂಟ್‌ಗಳನ್ನು ಎಂದಿಗೂ ಬಿಡಬೇಡಿ: ನೆಟ್‌ವರ್ಕ್ ಟ್ಯಾಬ್‌ನಿಂದ ರಿಕ್ವೆಸ್ಟ್ ಅನ್ನು ಕಾಪಿ ಮಾಡಿ, ಮೌಲ್ಯ ಬದಲಿಸಿ, ಫಾರಂ ಅನ್ನು ಮುಟ್ಟದೆಯೇ ಸರ್ವರ್‌ಗೆ ಕಳುಹಿಸಲು ಯಾರಿಗೂ ಸಾಧ್ಯ.

ಕಲಿಯಬೇಕಾಗಿಲ್ಲದ್ದೂ ಇದೆ. ಸಿಎಸ್‌ಎಸ್‌ನ ಸೂಕ್ಷ್ಮಗಳು, ಬಣ್ಣ ವಿನ್ಯಾಸ, ಬಿಲ್ಡ್ ಟೂಲ್‌ಗಳು ನಮಗೆ ಬೇಡ. ಪುಟ ಕಟ್ಟುವ ಸಿದ್ಧ ಚೌಕಟ್ಟುಗಳಾದ ಫ್ರೇಮ್‌ವರ್ಕ್‌ಗಳ ಬೆನ್ನು ಹತ್ತುವುದೂ ಬೇಡ; 2006ರಲ್ಲಿ ಜೆಕ್ವೆರಿ ಬಂತು, 2013ರಲ್ಲಿ ರಿಯಾಕ್ಟ್ ಬಂತು, ಆದರೆ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ, ಡೇಟಾವನ್ನು ಟೇಬಲ್‌ಗಳಲ್ಲಿ ಇಡುವ ರಿಲೇಶನಲ್ ಮಾದರಿಯ ಮೇಲೆ ನಾವು ಇಂದಿಗೂ ಕೆಲಸ ಮಾಡುತ್ತಿದ್ದೇವೆ. ಡೇಟಾಬೇಸ್‌ನಿಂದಲೇ ವೆಬ್ ಪುಟ ಕಟ್ಟುವ ಒರಾಕಲ್ ಅಪೆಕ್ಸ್ ಬಳಸುವ ಕಡೆ ಮಾತ್ರ ಈ ಮಾತು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಪುಟದ ವಿವರಣೆಯೇ ಡೇಟಾಬೇಸ್‌ನೊಳಗೆ ಇರುತ್ತದೆ. ಪುಣೆಯ ಸುತ್ತಲಿನ ಭೋಸರಿ, ಚಾಕಣದ ಸಣ್ಣ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಕೆಲಸಕ್ಕೆ ಒಬ್ಬರೇ ಇದ್ದರೆ ಅವರೂ ಇದಕ್ಕಿಂತ ಹೆಚ್ಚು ಕಲಿಯಬೇಕಾಗುತ್ತದೆ.

ಅಭ್ಯಾಸಕ್ಕೆ ಎರಡು ವಾರ ಸಂಜೆಗಳು ಸಾಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ಹಾಕಿ, ಒಂದು ಲಕ್ಷ ಸಾಲಿನ ಟೇಬಲ್ ತುಂಬಿಸಿ, ಒಂದು ಫಾರಂ ಮತ್ತು ಒಂದು ಪಟ್ಟಿ ಇರುವ ಪುಟವನ್ನು ಯಾವ ಫ್ರೇಮ್‌ವರ್ಕ್ ಇಲ್ಲದೆ ಬರೀ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್‌ನ ಫೆಚ್‌ನಿಂದ ಬರೆಯಿರಿ. ನಡುವೆ ನಿಮಗೆ ಬರುವ ಭಾಷೆಯಲ್ಲಿ ಚಿಕ್ಕದೊಂದು ಸರ್ವರ್ ಇರಲಿ. ಮೇಲೆ ಹೇಳಿದ ತಪ್ಪುಗಳನ್ನು ಬೇಕೆಂದೇ ಮಾಡಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿಯೂ ಡೇಟಾಬೇಸ್ ಲಾಗ್‌ನಲ್ಲಿಯೂ ಅವು ಹೇಗೆ ಕಾಣುತ್ತವೆ ಎಂದು ಅಕ್ಕಪಕ್ಕ ಇಟ್ಟು ನೋಡಿ. ನಂತರ ನಿಮ್ಮ ಕಚೇರಿಯ ಫ್ರಂಟ್-ಎಂಡ್ ಡೆವಲಪರ್ ಒಬ್ಬರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು, ಅವರು ಬರೆದ ಪುಟವೊಂದರ ಡೇಟಾ ಎಲ್ಲಿಂದ ಬರುತ್ತದೆ ಎಂದು ತೋರಿಸಲು ಕೇಳಿ, ಪ್ರತಿಯಾಗಿ, ಕ್ವೆರಿಯನ್ನು ಡೇಟಾಬೇಸ್ ಹೇಗೆ ನಡೆಸುತ್ತದೆ ಎಂದು ತೋರಿಸುವ ಒಂದು ಎಕ್ಸ್‌ಪ್ಲೇನ್ ಪ್ಲ್ಯಾನ್ ಓದುವುದನ್ನು ಅವರಿಗೆ ಕಲಿಸಿ.

ವಿಜಯಪುರದ ಹುಡುಗ ರಿಯಾಕ್ಟ್ ಕಲಿಯಲಿಲ್ಲ. ಮಳೆಗಾಲದಲ್ಲಿ ಅವನು ಬರೆದ ಒಂದು ಟಿಕೆಟ್ ಉತ್ತರದಲ್ಲಿ ‘ಡಿಬಿ ಸರಿಯಿದೆ’ ಎಂಬ ವಾಕ್ಯ ಇರಲಿಲ್ಲ. ಪುಟದ ಹೆಸರು, ರಿಕ್ವೆಸ್ಟ್‌ಗಳ ಸಂಖ್ಯೆ, ಪ್ರತಿಯೊಂದು ಕಾದ ಸಮಯ, ಅದರಲ್ಲಿ ಕ್ವೆರಿಯ ಪಾಲು, ಬದಲಿಗೆ ಬಳಸಬಹುದಾದ ಒಂದು ಜಾಯಿನ್, ಹೀಗೆ ಐದು ಸಾಲು ಇದ್ದವು. ಪುಟ ಬರೆದಿದ್ದ ಮರಾಠಿ ಹುಡುಗಿ ಅದನ್ನು ಓದಿ, ಬೇರೇನೂ ಕೇಳದೆ, ಸಂಜೆಯೊಳಗೆ ಸರಿಪಡಿಸಿದಳು.