ಎಕ್ಸ್-ಮೆನ್‌ನ ಮೊದಲ 66 ಸಂಚಿಕೆಗಳನ್ನು ಓದುವ ಕ್ರಮ

ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ಐದಾರು ಕಾಲೇಜು ಹುಡುಗರೊಂದಿಗೆ ಕೂತು ಹಳೆಯ ಕಾಮಿಕ್ಸ್ ಓದುತ್ತೇನೆ. ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರ ತಂಡವೊಂದರ ಕಥೆ ಹೇಳುವ ಅಮೆರಿಕದ ಮಾರ್ವೆಲ್ ಸರಣಿ ಎಕ್ಸ್-ಮೆನ್ ಕೈಗೆತ್ತಿಕೊಂಡಾಗ ನಾನು ತಪ್ಪು ಮಾಡಿದೆ. ಮೊದಲ ಸಂಚಿಕೆ ಮುಗಿಸಿ, ನಡುವಿನದೆಲ್ಲ ಸಪ್ಪೆ ಎಂದು ಕೇಳಿದ್ದ ಮಾತನ್ನೇ ನಂಬಿ, ನೇರವಾಗಿ ಹೊಸ ತಂಡ ಬರುವ 1975ರ ಸಂಚಿಕೆಗೆ ಹಾರಿದೆ. ಅಲ್ಲಿ ಬ್ಯಾನ್‌ಶೀ ಎಂಬ ಪಾತ್ರ ಬಂದಾಗ "ಇಂವ ಎಲ್ಲಿಂದ ಬಂದ ಸರ್?" ಎಂದು ಹುಡುಗನೊಬ್ಬ ಕೇಳಿದ, ನನ್ನ ಬಳಿ ಉತ್ತರವಿರಲಿಲ್ಲ. ಮರುವಾರವೇ ಮೊದಲಿನಿಂದ ಶುರುಮಾಡಿದೆವು. ಆ ಓದಿನಿಂದ ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಲ ಪ್ರತಿಗಳನ್ನು ಹುಡುಕುತ್ತ ಕೂರುವ ಅಗತ್ಯವಿಲ್ಲ. ಎಪಿಕ್ ಕಲೆಕ್ಷನ್ ಹೆಸರಿನ ಮರುಮುದ್ರಣದ ಮೊದಲ ಸಂಪುಟದಲ್ಲಿ 1ರಿಂದ 23ರವರೆಗಿನ ಸಂಚಿಕೆಗಳಿವೆ. ಉಳಿದವು ಮುಂದಿನ ಎರಡು ಸಂಪುಟಗಳಲ್ಲಿ ಬರುತ್ತವೆ. ಜೊತೆಗೆ ಒಂದು ನೋಟ್‌ಬುಕ್ ಇರಲಿ. ಪ್ರತಿ ಸಂಚಿಕೆಗೂ ಒಂದು ಪುಟ ಬಿಟ್ಟು, ಬರೆದವರು ಯಾರು, ಚಿತ್ರಿಸಿದವರು ಯಾರು, ಹೊಸದಾಗಿ ಬಂದದ್ದೇನು, ಸದ್ದಿಲ್ಲದೆ ಕೈಬಿಟ್ಟದ್ದೇನು ಎಂಬುದನ್ನು ಗುರುತಿಸಿಕೊಳ್ಳಿ. ಈ ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯ. ಮುಖಪುಟದ ಮೇಲಿನ ತಿಂಗಳು ಮಾರಾಟದ ತಿಂಗಳಲ್ಲ, ಅದು ಸುಮಾರು ಎರಡು ತಿಂಗಳು ಮುಂದಿರುತ್ತದೆ ಎಂಬುದೂ ನೆನಪಿರಲಿ.

1963ರ ಸೆಪ್ಟೆಂಬರ್ ದಿನಾಂಕ ಹೊತ್ತ ಮೊದಲ ಸಂಚಿಕೆಯನ್ನು ಎರಡು ಸಲ ಓದಿ. ಕಥೆ ಬರೆದ ಸ್ಟ್ಯಾನ್ ಲೀ ಇದಕ್ಕೆ 'ದಿ ಮ್ಯೂಟಂಟ್ಸ್' (ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರು) ಎಂದು ಹೆಸರಿಡಬೇಕೆಂದಿದ್ದರು. ಆ ಪದ ಓದುಗರಿಗೆ ಅರ್ಥವಾಗದೆಂದು ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಒಪ್ಪಲಿಲ್ಲ. ಪ್ರತಿ ವೀರನಿಗೂ ಶಕ್ತಿ ಹೇಗೆ ಬಂತೆಂದು ಹೊಸ ಕಾರಣ ಹುಡುಕುವ ಕಷ್ಟವನ್ನು ಲೀ 'ಹುಟ್ಟಿನಿಂದಲೇ ಬಂದದ್ದು' ಎಂಬ ಒಂದೇ ಮಾತಿನಲ್ಲಿ ಪರಿಹರಿಸಿಕೊಂಡರು. ಸರಣಿಯ ಮುಂದಿನ ಆಳವೆಲ್ಲ ಬಂದದ್ದು ಈ ಅನುಕೂಲದ ಉಪಾಯದಿಂದಲೇ ಎಂಬುದು ನನಗೆ ಇಂದಿಗೂ ಅಚ್ಚರಿ. ಎರಡನೆಯ ಓದಿನಲ್ಲಿ ಇನ್ನೂ ಗಟ್ಟಿಯಾಗದ ಸಂಗತಿಗಳನ್ನು ಹುಡುಕಿ. ಮುಂದೆ ಸ್ಕಾಟ್ ಎಂಬ ಹೆಸರು ಪಡೆಯುವ, ತಂಡದ ಸೈಕ್ಲಾಪ್ಸ್ ಇಲ್ಲಿ ಸ್ಲಿಮ್ ಸಮ್ಮರ್ಸ್. ತಂಡದ ಇನ್ನೊಬ್ಬ ಐಸ್‌ಮ್ಯಾನ್ ಹಿಮ ಮೆತ್ತಿ ಮಾಡಿದ ಗೊಂಬೆಯಂತಿದ್ದಾನೆ. 8ನೆಯ ಸಂಚಿಕೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದೇ ಐಸ್‌ಮ್ಯಾನ್ ಗಾಜಿನಂತೆ ಹೊಳೆಯುವ ಮಂಜುಗಡ್ಡೆಯಾಗಿರುತ್ತಾನೆ. 3ನೆಯ ಸಂಚಿಕೆಯಲ್ಲಿ ತಂಡದ ಗುರು ಪ್ರೊಫೆಸರ್ ಝೇವಿಯರ್ ತನ್ನ ವಿದ್ಯಾರ್ಥಿನಿ ಜೀನ್‌ಳನ್ನು ಪ್ರೀತಿಸುತ್ತಿರುವುದಾಗಿ ಮನಸ್ಸಿನಲ್ಲೇ ಅಂದುಕೊಳ್ಳುವ ಒಂದು ಚೌಕವಿದೆ. ಆ ಎಳೆಯನ್ನು ಅಲ್ಲಿಗೇ ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು.

ಇನ್ನು ಒಂದು ಅಭ್ಯಾಸ. ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಕೆಲಸ ಮಾಡುತ್ತಿದ್ದ ಪದ್ಧತಿಯಲ್ಲಿ ಕಥೆಯ ಎಳೆಯನ್ನು ಮೊದಲು ಚರ್ಚಿಸಿ, ಕಲಾವಿದರು ಪುಟಗಳನ್ನು ಚಿತ್ರಿಸಿದ ಮೇಲೆ ಲೀ ಮಾತು ತುಂಬುತ್ತಿದ್ದರು. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2025ರಲ್ಲಿ ಪದ್ಮಶ್ರೀ ಪಡೆದ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಕಲೆಯಾದ ತೊಗಲುಗೊಂಬೆಯಾಟವನ್ನು ಕಂಡವರಿಗೆ, ಪರದೆಯ ಮೇಲಿನ ಗೊಂಬೆ ಒಂದು, ಅದಕ್ಕೆ ಕೊಡುವ ಮಾತು ಮತ್ತೊಂದು ಎಂಬುದು ಗೊತ್ತೇ ಇದೆ. ಯಾವುದಾದರೂ ಎರಡು ಪುಟಗಳಲ್ಲಿ ಮಾತಿನ ಗುಳ್ಳೆಗಳ ಮೇಲೆ ಕಾಗದದ ಚೂರುಗಳನ್ನಿಟ್ಟು, ಚಿತ್ರವನ್ನಷ್ಟೇ ನೋಡಿ ನಿಮ್ಮ ಮಾತಿನಲ್ಲಿ ಸಂಭಾಷಣೆ ಬರೆಯಿರಿ; ಆಮೇಲೆ ಚೂರು ತೆಗೆದು ಹೋಲಿಸಿ. ತಂಡದ ಬೀಸ್ಟ್ ಬರುವ ಪುಟಗಳಲ್ಲಿ ಇದರ ಫಲ ಎದ್ದು ಕಾಣುತ್ತದೆ. ಮೊದಲು ಅವನ ಮಾತು ದೇಹದಷ್ಟೇ ಒರಟು. ಕೆಲವೇ ಸಂಚಿಕೆಗಳಲ್ಲಿ, ಅದೇ ದಪ್ಪ ಮೈ ಮತ್ತು ದೊಡ್ಡ ಪಾದಗಳ ಹುಡುಗ ಪಂಡಿತನಂತೆ ಉದ್ದುದ್ದ ಪದಗಳನ್ನು ಬಳಸತೊಡಗುತ್ತಾನೆ. ಗೊಂಬೆ ಹಾಗೆಯೇ ಉಳಿದು ಮಾತಷ್ಟೇ ಬದಲಾದಾಗ ಒಂದು ಪಾತ್ರ ಹುಟ್ಟಿತು.

ಮುಖ್ಯ ಎಳೆಗೆ ಬರೋಣ. ಮನುಷ್ಯರು ಹೆದರಿ ದ್ವೇಷಿಸುವವರ ಕಥೆ ಎಂದೇ ಎಕ್ಸ್-ಮೆನ್ ಹೆಸರಾಗಿದೆ. ಆದರೆ ಮೊದಲ ಸಂಚಿಕೆಯಲ್ಲಿ ಆ ದ್ವೇಷ ಝೇವಿಯರ್ ಜೀನ್‌ಗೆ ಹೇಳುವ ಒಂದು ಮಾತಿನಲ್ಲಷ್ಟೇ ಇದೆ. ಖಳನಾಯಕ ಮ್ಯಾಗ್ನೀಟೋನನ್ನು ಕ್ಷಿಪಣಿ ನೆಲೆಯಿಂದ ಓಡಿಸಿದ ಮೇಲೆ ಸೇನಾಧಿಕಾರಿ ಈ ಹುಡುಗರನ್ನು ಹೊಗಳುತ್ತಾನೆ! ದ್ವೇಷ ಕಣ್ಣೆದುರು ನಡೆಯುವುದನ್ನು ನೋಡಲು 8ನೆಯ ಸಂಚಿಕೆಯಲ್ಲಿ ನಿಧಾನಿಸಿ. ನೀರಿನ ತೊಟ್ಟಿಯ ಗೋಪುರದಿಂದ ಬೀಸ್ಟ್ ಒಬ್ಬ ಹುಡುಗನನ್ನು ಉಳಿಸುತ್ತಾನೆ. ಕೆಳಗಿಳಿದ ಅವನ ಮೇಲೆ ಜನರ ಗುಂಪೇ ಮುಗಿಬೀಳುತ್ತದೆ. ಇಂಥವರಿಗಾಗಿ ಏಕೆ ಹೋರಾಡಬೇಕೆಂದು ಅವನು ತಂಡ ತೊರೆದು ಕುಸ್ತಿಯ ಕಣಕ್ಕೆ ಇಳಿಯುತ್ತಾನೆ. ನಮ್ಮ ಓದಿನ ಕೂಟದಲ್ಲಿ ಎಲ್ಲರೂ ಸುಮ್ಮನಾದ ಪುಟವದು. 1965ರ ನವೆಂಬರ್‌ನಿಂದ ಮೂರು ತಿಂಗಳು, 14ರಿಂದ 16ರವರೆಗಿನ ಸಂಚಿಕೆಗಳಲ್ಲಿ, ಬೊಲಿವರ್ ಟ್ರಾಸ್ಕ್ ಎಂಬ ವಿಜ್ಞಾನಿ ಮ್ಯೂಟಂಟರನ್ನು ಹಿಡಿಯಲು ಸೆಂಟಿನೆಲ್ ಯಂತ್ರಗಳನ್ನು ಕಟ್ಟುತ್ತಾನೆ. ಅವು ಅವನ ಮಾತನ್ನೇ ಮೀರುತ್ತವೆ. ಬೀದಿಯ ಸಿಟ್ಟು ಯಂತ್ರದ ರೂಪ ತಾಳಿದ ಈ ಹಂತದಲ್ಲಿ ಸರಣಿ ತನ್ನ ನಿಜವಾದ ವಿಷಯವನ್ನು ಕಂಡುಕೊಂಡಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮೂರನ್ನು ಒಂದೇ ಸಲ ಕೂತು ಓದಿ ಮುಗಿಸಿ.

ಆ ಹೊತ್ತಿಗೆ ಕೈಗಳೂ ಬದಲಾಗುತ್ತಿದ್ದವು. 11ರವರೆಗೆ ಪೂರ್ತಿ ಚಿತ್ರಿಸಿದ ಕರ್ಬಿ 17ರವರೆಗೆ ಪುಟಗಳ ರೂಪರೇಖೆಯನ್ನಷ್ಟೇ ಹಾಕಿಕೊಟ್ಟರು. ಲೀ 19ಕ್ಕೆ ನಿಲ್ಲಿಸಿದರು. 1966ರ ಮೇ ತಿಂಗಳ 20ನೆಯ ಸಂಚಿಕೆಯಿಂದ ರಾಯ್ ಥಾಮಸ್ ಬರೆಯತೊಡಗಿದರು. ಇಲ್ಲಿಂದ ವೇಗವಾಗಿ ಓದಬಹುದು. ಆದರೆ ಬ್ಯಾನ್‌ಶೀ ಬರುವ 28, ಲೋರ್ನಾ ಡೇನ್ ಬರುವ 49, ಸೈಕ್ಲಾಪ್ಸ್‌ನ ತಮ್ಮ ಅಲೆಕ್ಸ್ ಬರುವ 54 ತಪ್ಪಿಹೋಗಬಾರದು. 56ರಿಂದ ನೀಲ್ ಆಡಮ್ಸ್ ಚಿತ್ರಿಸಿದ ಪುಟಗಳಲ್ಲಿ ಚೌಕಗಳು ಓರೆಯಾಗಿ ಒಡೆದುಕೊಳ್ಳುವುದನ್ನು ಕರ್ಬಿಯ ನೇರ ಚೌಕಗಳೊಡನೆ ಇಟ್ಟು ನೋಡಿ.

1970ರ ಮಾರ್ಚ್‌ನ 66ನೆಯ ಸಂಚಿಕೆಯೊಂದಿಗೆ ಹೊಸ ಕಥೆಗಳು ನಿಂತವು. 67ರಿಂದ 93ರವರೆಗಿನವು ಮರುಮುದ್ರಣ, ಅವನ್ನು ಬಿಡಬಹುದು. ಈಗ ನೋಟ್‌ಬುಕ್ ತೆರೆದಿಟ್ಟುಕೊಂಡು, ಲೆನ್ ವೀನ್ ಬರೆದು ಡೇವ್ ಕಾಕ್ರಮ್ ಚಿತ್ರಿಸಿದ 1975ರ ಜೈಂಟ್-ಸೈಜ್ ಸಂಚಿಕೆಯನ್ನು ಓದಿ. ಹೊಸ ತಂಡದ ಏಳು ಜನರಲ್ಲಿ ಬ್ಯಾನ್‌ಶೀ ನಿಮ್ಮ ನೋಟ್‌ಬುಕ್‌ನ 28ನೆಯ ಪುಟದಲ್ಲೂ ಸನ್‌ಫೈರ್ 64ನೆಯ ಪುಟದಲ್ಲೂ ಆಗಲೇ ಇರುತ್ತಾರೆ. ಹುಡುಗರು ಮೊದಲ ದಿನದಿಂದ ಕೇಳುತ್ತಿದ್ದ ವುಲ್ವರಿನ್ 1974ರಲ್ಲಿ ಹಲ್ಕ್‌ನ ಸರಣಿಯಲ್ಲಿ ಕಾಣಿಸಿಕೊಂಡವನು. ಸ್ಟಾರ್ಮ್, ನೈಟ್‌ಕ್ರಾಲರ್, ಕೊಲಾಸಸ್, ಥಂಡರ್‌ಬರ್ಡ್, ಈ ನಾಲ್ವರು ಮಾತ್ರ ಹಿಂದೆ ಎಲ್ಲೂ ಬಂದವರಲ್ಲ, ಅವರಿಗೆ ಹೊಸ ಪುಟ ತಿರುವಬೇಕಾಗುತ್ತದೆ.