ಶೌರ್ಯಪದಕ ಪಡೆದ ಆಸ್ಟ್ರೇಲಿಯನ್ ಸೈನಿಕನ ಸೇವಾ ಕಡತವನ್ನು ಓದುವ ಕ್ರಮ

ಮೆಲ್ಬರ್ನ್‌ನಲ್ಲಿ ಓದುತ್ತಿರುವ ನನ್ನ ಮೊಮ್ಮಗನಿಗೆ, ಯುದ್ಧಗಳಲ್ಲಿ ಮಡಿದವರನ್ನು ಆಸ್ಟ್ರೇಲಿಯದಲ್ಲಿ ನೆನೆಯುವ ಏಪ್ರಿಲ್ 25ರ ಆನ್‌ಜಾಕ್ ದಿನದ ನಿಮಿತ್ತ, ಶೌರ್ಯಪದಕ ಪಡೆದ ಸೈನಿಕನೊಬ್ಬನ ಜೀವನವನ್ನು ಬರೆದು ತರುವಂತೆ ಶಾಲೆಯಲ್ಲಿ ಹೇಳಿದ್ದರು. ಅವನು ಆರಿಸಿಕೊಂಡ ಹೆಸರು ಆಲ್ಬರ್ಟ್ ಜಾಕಾ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಆಸ್ಟ್ರೇಲಿಯನ್. ಮಂಡ್ಯದ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ನೌಕರರ ಸೇವಾ ಪುಸ್ತಕಗಳನ್ನು ಬರೆದು, ತಾಳೆ ನೋಡಿ, ಮೇಲಧಿಕಾರಿಗಳ ರುಜುವಿಗೆ ಇಟ್ಟು ನಿವೃತ್ತನಾದ ನಾನು ಯುದ್ಧಶಾಸ್ತ್ರ ಬಲ್ಲವನಲ್ಲ. ಆದರೂ ಮೈಸೂರಿನ ಮನೆಯಲ್ಲಿ ಕುಳಿತು ಅವನೊಂದಿಗೆ ಆ ಹಳೆಯ ಕಡತದ ಪುಟಗಳನ್ನು ತಿರುವುವಾಗ, ಅದು ನಮ್ಮ ಸೇವಾ ಪುಸ್ತಕದ ದಾಯಾದಿಯಂತೆಯೇ ಕಂಡಿತು. ಆಗ ನಾವು ಅನುಸರಿಸಿದ ಕ್ರಮವನ್ನು, ಇಂಥ ಕೆಲಸಕ್ಕೆ ಕೈಹಾಕುವವರಿಗಾಗಿ ಬರೆದಿದ್ದೇನೆ.

ಮೊದಲು ಕಡತವನ್ನು ಹುಡುಕಬೇಕು. ಮೊದಲನೆಯ ಮಹಾಯುದ್ಧದಲ್ಲಿ ಹೊರದೇಶಗಳಿಗೆ ಹೋದ ಆಸ್ಟ್ರೇಲಿಯನ್ ಸೈನಿಕರ ಕಡತಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಬಿ 2455’ ಎಂಬ ಸರಣಿಯಲ್ಲಿವೆ. ಅವುಗಳ ಚಿತ್ರಗಳನ್ನು ಪತ್ರಾಗಾರದ ಜಾಲತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಒಂದೇ ಹೆಸರಿನವರು ಹಲವರಿರುವುದರಿಂದ, ಹೆಸರಿನೊಂದಿಗೆ ಹುಟ್ಟಿದ ಊರನ್ನೂ ಹತ್ತಿರದ ಸಂಬಂಧಿಯ ಹೆಸರನ್ನೂ ಸೇವಾ ಸಂಖ್ಯೆಯನ್ನೂ ಹೋಲಿಸಿ ನೋಡದೆ ಮುಂದುವರಿಯಬಾರದು.

ಕಡತ ತೆರೆದ ಮೇಲೆ ಪದಕದ ಪುಟವನ್ನು ಹುಡುಕುತ್ತ ಓಡದೆ, ಸೇರ್ಪಡೆಯ ಅರ್ಜಿಯನ್ನು ನಿಧಾನವಾಗಿ ಓದಬೇಕು. ಹುಟ್ಟಿದ ಸ್ಥಳ, ವಯಸ್ಸು, ಕಸುಬು, ಧರ್ಮ, ಎತ್ತರ, ಎದೆಯ ಸುತ್ತಳತೆ, ಕಣ್ಣಿನ ಬಣ್ಣಗಳೆಲ್ಲ ಅಲ್ಲಿರುತ್ತವೆ. ಕೊನೆಯಲ್ಲಿ ಅವನದೇ ರುಜು ಇರುತ್ತದೆ. ಜಾಕಾ 1893ರ ಜನವರಿ 10ರಂದು ವಿಕ್ಟೋರಿಯಾ ರಾಜ್ಯದ ವಿಂಚೆಲ್ಸಿ ಬಳಿಯ ಹೈನುಗಾರರ ಮನೆಯಲ್ಲಿ ಹುಟ್ಟಿ, ವೆಡರ್‌ಬರ್ನ್ ಎಂಬ ಊರಿನಲ್ಲಿ ಬೆಳೆದು, ಅರಣ್ಯ ಇಲಾಖೆಯಲ್ಲಿ ಕೂಲಿ ಕೆಲಸ ಮಾಡುತ್ತಿದ್ದವನು. 1914ರ ಸೆಪ್ಟೆಂಬರ್ 18ರಂದು ಸೈನ್ಯ ಸೇರಿದಾಗ ಅವನಿಗೆ 21 ವರ್ಷ. ವಯಸ್ಸನ್ನು ಹೆಚ್ಚಿಸಿಯೋ ತಗ್ಗಿಸಿಯೋ ಬರೆಸಿದವರು ಆ ಕಾಲದಲ್ಲಿ ಬಹಳ ಮಂದಿ ಇದ್ದುದರಿಂದ, ಈ ಲೆಕ್ಕವನ್ನು ಪ್ರತಿಯೊಂದು ಕಡತದಲ್ಲಿಯೂ ಮಾಡಿ ನೋಡುವುದು ಒಳ್ಳೆಯದು.

ಅನಂತರದ ಪುಟವೇ ಕಡತದ ಜೀವಾಳ. ಗೆರೆ ಎಳೆದ ನಮೂನೆಯಲ್ಲಿ ಬಡ್ತಿ, ಹಿಂಬಡ್ತಿ, ವರ್ಗಾವಣೆ, ಗಾಯ, ಆಸ್ಪತ್ರೆ ಇವೆಲ್ಲ ಒಂದೊಂದು ಸಾಲಿನಲ್ಲಿ ದಾಖಲಾಗಿರುತ್ತವೆ. ಇಲ್ಲಿ ಎರಡು ದಿನಾಂಕಗಳಿರುತ್ತವೆ: ಎಡಗಡೆಯದು ವರದಿಯ ದಿನಾಂಕ, ಬಲಗಡೆಯದು ಘಟನೆ ನಡೆದದ್ದು. ಮೊಮ್ಮಗ ಎಡಗಡೆಯದನ್ನೇ ಬರೆದುಕೊಂಡು ಹೋಗುತ್ತಿದ್ದನು. “ತಾತ, ಮೊದಲು ಇರೋ ಡೇಟೇ ತಾನೇ ಸರಿ?” ಎಂದು ಕೇಳಿದಾಗ, ಆದೇಶ ಹೊರಟ ದಿನ ಬೇರೆ, ಅದು ಜಾರಿಗೆ ಬಂದ ದಿನ ಬೇರೆ ಎಂಬುದನ್ನು ನಮ್ಮ ಶಾಖೆಗೆ ಹೊಸದಾಗಿ ಬಂದ ಗುಮಾಸ್ತರಿಗೆ ಹೇಳಿಕೊಡುತ್ತಿದ್ದಂತೆಯೇ ಹೇಳಿದೆ. ಕಿರುಅಕ್ಷರಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು: ಟಿ.ಓ.ಎಸ್. ಎಂದರೆ ಘಟಕದ ಸಂಖ್ಯಾಬಲಕ್ಕೆ ಸೇರಿಸಿಕೊಂಡದ್ದು, ಆರ್.ಟಿ.ಎ. ಎಂದರೆ ಆಸ್ಟ್ರೇಲಿಯಕ್ಕೆ ಮರಳಿದ್ದು, ಜಿ.ಎಸ್.ಡಬ್ಲ್ಯು. ಎಂದರೆ ಗುಂಡಿನ ಗಾಯ. ಈ ಕೊನೆಯದನ್ನು ಷೆಲ್ಲಿನ ಚೂರು ತಗುಲಿದಾಗಲೂ ಬರೆಯುತ್ತಿದ್ದರಾದ್ದರಿಂದ, ಅದನ್ನು ಕಂಡೊಡನೆ ‘ಗುಂಡೇಟು’ ಎಂದು ಬರೆದುಬಿಡುವುದು ಸರಿಯಲ್ಲ.

ಬಡ್ತಿಯ ಸಾಲುಗಳನ್ನು ಒಟ್ಟಿಗೆ ಓದಿದರೆ ಮನುಷ್ಯ ಕಾಣಿಸುತ್ತಾನೆ. ಸಾಮಾನ್ಯ ಸಿಪಾಯಿಯಾಗಿ 14ನೆಯ ಬೆಟಾಲಿಯನ್ ಸೇರಿದ ಜಾಕಾ 1915ರ ಆಗಸ್ಟ್‌ನಲ್ಲಿ ಕಾರ್ಪೊರಲ್, ನವೆಂಬರ್‌ನಲ್ಲಿ ಕಂಪನಿ ಸಾರ್ಜೆಂಟ್ ಮೇಜರ್, 1916ರ ಏಪ್ರಿಲ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್, 1917ರ ಮಾರ್ಚ್‌ನಲ್ಲಿ ಕ್ಯಾಪ್ಟನ್ ಆದನು. ಅಲ್ಲಿಂದ ಮೇಲಕ್ಕೆ ಏರಲಿಲ್ಲ. ಅವನು ಮೇಲಧಿಕಾರಿಗಳೆದುರು ನಿಷ್ಠುರವಾಗಿ ಮಾತನಾಡುತ್ತಿದ್ದನೆಂಬುದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಸಿಬ್ಬಂದಿ ಶಾಖೆಯಲ್ಲಿ ಕೂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ, ಪದಕ ಕೊಟ್ಟದ್ದು ಯಾವ ಸಾಹಸಕ್ಕೆಂದು ತಿಳಿಸುವ ಪ್ರಶಸ್ತಿವಾಕ್ಯಕ್ಕೆ ಬರಬಹುದು. ಆದರೆ ಅದನ್ನು ಶಾಸನವೆಂದು ತಿಳಿಯದೆ, ಇತರ ದಾಖಲೆಗಳೊಡನೆ ತಾಳೆ ನೋಡಬೇಕು. ತುರ್ಕಿಯ ಗಲಿಪೊಲಿಯಲ್ಲಿನ ಕರ್ಟ್ನೀಸ್ ಪೋಸ್ಟ್ ಎಂಬ ಕಂದಕದಲ್ಲಿ, ಜೊತೆಗಿದ್ದ ನಾಲ್ವರೂ ಸತ್ತು ಅಥವಾ ಗಾಯಗೊಂಡು ಬಿದ್ದ ಮೇಲೆ ಒಳನುಗ್ಗಿದ 7 ಮಂದಿ ತುರ್ಕಿ ಸೈನಿಕರನ್ನು ಜಾಕಾ ಒಬ್ಬನೇ ಎದುರಿಸಿ, ಐವರನ್ನು ರೈಫಲ್ಲಿನಿಂದಲೂ ಇಬ್ಬರನ್ನು ಬಯೊನೆಟ್ಟಿನಿಂದಲೂ ಕೊಂದನೆಂದು ಪ್ರಶಸ್ತಿವಾಕ್ಯ ಹೇಳುತ್ತದೆ. ಅದರಲ್ಲಿರುವ ಸಮಯ 1915ರ ಮೇ 19–20ರ ರಾತ್ರಿ. ಆದರೆ ತುರ್ಕರ ದೊಡ್ಡ ದಾಳಿ ಆರಂಭವಾದದ್ದು ಮೇ 19ರ ನಸುಕಿನಲ್ಲಿ. ಈ ಘಟನೆಯೂ ಅಂದೇ ಬೆಳಗಿನ ಜಾವ 4 ಗಂಟೆಯ ಸುಮಾರಿಗೆ ಶುರುವಾಯಿತೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಸಂಗಾತಿಗಳು ಶತ್ರುಗಳ ಗಮನ ಸೆಳೆಯಲು ಎರಡು ಬಾಂಬುಗಳನ್ನು ಎಸೆದರೆಂದೂ, ಆ ಹೊಗೆಯ ನಡುವೆ ಅವನು ಬಳಸಿಕೊಂಡು ಬಂದು ಕಂದಕಕ್ಕೆ ಹಾರಿದನೆಂದೂ, ಉಳಿದ ತುರ್ಕರು ಓಡಿಹೋದರೆಂದೂ ಅದೇ ವಿವರಣೆಯಲ್ಲಿದೆ. ಇದರಿಂದ ಅವನ ಧೈರ್ಯಕ್ಕೆ ಕುಂದಿಲ್ಲ. ಬಾಂಬು ಎಸೆದವರಿಗೂ ಒಂದು ಸಾಲು ಸಿಗುತ್ತದೆ. ಇಂಥ ತಾಳೆಗೆ ಆಸ್ಟ್ರೇಲಿಯನ್ ಯುದ್ಧ ಸ್ಮಾರಕದ ಜಾಲತಾಣದಲ್ಲಿರುವ ಬೆಟಾಲಿಯನ್ ದಿನಚರಿಗಳು ಬಹಳ ಉಪಯುಕ್ತ. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಹಳೆಯ ಪತ್ರಿಕೆಗಳೂ ಸಿಗುತ್ತವೆ, ಆದರೆ ಯುದ್ಧಕಾಲದ ಪತ್ರಿಕೆಗಳಿಗೆ ಸೈನ್ಯಕ್ಕೆ ಜನರನ್ನು ಸೆಳೆಯುವ ಆತುರವಿತ್ತೆಂಬುದನ್ನು ನೆನಪಿಡಬೇಕು. ಜಾಕಾನ ಮುಖ ಭರ್ತಿಯ ಭಿತ್ತಿಪತ್ರದಲ್ಲಿಯೂ ಅಚ್ಚಾಗಿತ್ತು.

ಒಂದೇ ಪದಕಕ್ಕೆ ನಿಲ್ಲಲೂಬಾರದು. 1916ರ ಆಗಸ್ಟ್ 7ರಂದು ಫ್ರಾನ್ಸಿನ ಪೊಝಿಯೇರ್‌ನಲ್ಲಿ, ಜರ್ಮನರು ಸೆರೆಹಿಡಿದು ಕರೆದೊಯ್ಯುತ್ತಿದ್ದ ಆಸ್ಟ್ರೇಲಿಯನ್ನರನ್ನು ಬಿಡಿಸಲು ಕೆಲವೇ ಮಂದಿಯೊಡನೆ ನುಗ್ಗಿ 7 ಗಾಯಗಳನ್ನು ಪಡೆದಾಗ ಅವನಿಗೆ ಬಂದದ್ದು ಮಿಲಿಟರಿ ಕ್ರಾಸ್. 1917ರ ಏಪ್ರಿಲ್‌ನಲ್ಲಿ ಬುಲೆಕೂರ್‌ನಲ್ಲಿ ಅದೇ ಪದಕ ಎರಡನೆಯ ಬಾರಿ ಬಂತು. 1918ರ ಮೇ ತಿಂಗಳಲ್ಲಿ ವಿಷಾನಿಲ ತಗುಲಿ ಅವನ ಯುದ್ಧ ಮುಗಿಯಿತು.

ಯುದ್ಧಾನಂತರದ ಬದುಕಿಗೆ ಬೇರೆ ದಾಖಲೆಗಳನ್ನು ನೋಡಬೇಕಾಗುತ್ತದೆ. ಜಾಕಾ ವಿದ್ಯುತ್ ಸಾಮಾನುಗಳ ವ್ಯಾಪಾರ ಮಾಡಿ, ಮೆಲ್ಬರ್ನ್‌ನ ಸೇಂಟ್ ಕಿಲ್ಡಾ ಪೌರಸಭೆಗೆ 1930ರಲ್ಲಿ ಮೇಯರ್ ಆಗಿ, ಆರ್ಥಿಕ ಕುಸಿತದಲ್ಲಿ ವ್ಯಾಪಾರ ಕಳೆದುಕೊಂಡು, ನಿರುದ್ಯೋಗಿಗಳಿಗಾಗಿ ದುಡಿದು, 1932ರ ಜನವರಿ 17ರಂದು ಮೂತ್ರಪಿಂಡದ ರೋಗದಿಂದ ತೀರಿಕೊಂಡನು. ಆಗ ವಯಸ್ಸು 39. ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಎಂಟು ಮಂದಿ.

ಮೈಸೂರಿನವರು ಈ ಕೆಲಸ ಮಾಡುವಾಗ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಜಾಕಾ 1915ರ ಆರಂಭದಲ್ಲಿ ಈಜಿಪ್ಟಿನಲ್ಲಿ ತರಬೇತಿ ಪಡೆಯುತ್ತಿದ್ದಾಗ ನಮ್ಮ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಸವಾರರೂ ಅದೇ ದೇಶದಲ್ಲಿ ಸುಯೆಜ್ ಕಾಲುವೆಯ ರಕ್ಷಣೆಯಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಅವರು ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ಗೆದ್ದಾಗ, ಅವರಿದ್ದ ಅಶ್ವದಳದ ಕೋರ್‌ಗೆ ದಂಡನಾಯಕನಾಗಿದ್ದವನು ಹ್ಯಾರಿ ಶೋವೆಲ್ ಎಂಬ ಆಸ್ಟ್ರೇಲಿಯನ್. ಇದನ್ನು ಕೇಳಿದ ಮೊಮ್ಮಗ, “ಹಾಗಾದ್ರೆ ನಮ್ಮೋರ ಕಡತದ ಸರಣಿ ಸಂಖ್ಯೆ ಎಷ್ಟು ತಾತ?” ಎಂದು ಕೇಳಿದನು. ಅದಕ್ಕೆ ಫೋನು ಸಾಲದು. ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿಗೆ ಹೋಗಿ, ಸೂಚಿ ತಿರುವಿ, ಚೀಟಿ ಬರೆದುಕೊಟ್ಟು, ಕಡತ ಬರುವ ತನಕ ಬೆಂಚಿನ ಮೇಲೆ ಕಾಯಬೇಕು.